ಒಂದೇ ಹಗ್ಗದ ಬಾವಿ: ಮನೆಯ ರೌಟರ್‌ನ ತಂತಿ ಮತ್ತು ಗಾಳಿ

ಎಲ್ಲರಿಗೂ ನಮಸ್ಕಾರ.

ಗ್ರಂಥಾಲಯದವರು ಫೋನ್ ಮಾಡಿ ಇಂಟರ್ನೆಟ್ ಬಗ್ಗೆ ಮಾತನಾಡಲು ಕೇಳಿದರು. ಅಷ್ಟು ದೊಡ್ಡ ವಿಷಯ ನನ್ನ ಅಳವಿಗೆ ಮೀರಿದ್ದು. ಅದರ ಕೊನೆಯ ಹತ್ತು ಮೀಟರ್ ಬಗ್ಗೆ ಮಾತ್ರ ಮಾತನಾಡುತ್ತೇನೆ. ಗೋಡೆಗೆ ನೇತುಹಾಕಿದ ಬಿಳಿ ಪೆಟ್ಟಿಗೆಯಿಂದ ನಿಮ್ಮ ಕೈಯಲ್ಲಿರುವ ಮೊಬೈಲ್‌ವರೆಗಿನ ದಾರಿ ಅದು. ನೆಟ್ ನಿಧಾನ ಎಂದು ನಾವು ಕಂಪನಿಯವರಿಗೆ ಹಾಕುವ ಶಾಪದಲ್ಲಿ ಸಾಕಷ್ಟು ಪಾಲು ಈ ಹತ್ತು ಮೀಟರಿಗೆ ಸಲ್ಲಬೇಕು ಎಂಬುದು ನನ್ನ ಅನುಭವ.

ಪೆಟ್ಟಿಗೆಯನ್ನು ಇಲ್ಲಿ ಮೇಜಿನ ಮೇಲೆ ಇಟ್ಟಿದ್ದೇನೆ. ಕರೆಯುವುದು ರೌಟರ್ ಎಂದೇ ಆದರೂ ಒಳಗೆ ದುಡಿಯುವವರು ಮೂವರು. ಮೊದಲನೆಯವನು ನಿಜವಾದ ರೌಟರ್. ಮನೆಯೊಳಗಿನ ಸಾಧನಗಳಿಗೆ 192.168.1.5, 192.168.1.6 ಎಂಬಂಥ ವಿಳಾಸ ಕೊಟ್ಟು, ಹೊರಗಿನ ಜಗತ್ತಿಗೆ ಅವೆಲ್ಲ ಒಂದೇ ವಿಳಾಸದ ಮನೆಯವರು ಎಂದು ತೋರಿಸುವವನು. ಎರಡನೆಯವನು ಸ್ವಿಚ್, ಹಿಂಬದಿಯ ಲ್ಯಾನ್ ಪೋರ್ಟ್‌ಗಳು, ಅಂದರೆ ಮನೆಯೊಳಗಿನ ತಂತಿ ಸಿಕ್ಕಿಸುವ ಕಿಂಡಿಗಳು, ಅವನ ಸುಪರ್ದಿಯಲ್ಲಿವೆ. ಮೂರನೆಯವನು ಆಂಟೆನಾ ಹಿಡಿದು ನಿಂತಿರುವ ರೇಡಿಯೋ. ಫೈಬರ್ ಸಂಪರ್ಕವಾದರೆ ಬೆಳಕನ್ನು ವಿದ್ಯುತ್ ಸಂಕೇತವಾಗಿಸುವ ನಾಲ್ಕನೆಯವನೂ ಅದೇ ಗೂಡಿನಲ್ಲಿ ಇರಬಹುದು. ಇವತ್ತು ನಮಗೆ ಬೇಕಾದವರು ಎರಡನೆಯವನು ಮತ್ತು ಮೂರನೆಯವನು.

ಮೊದಲು ತಂತಿ. ಲ್ಯಾನ್ ಕೇಬಲ್‌ನ ಸಿಪ್ಪೆ ಸುಲಿದರೆ ಎಂಟು ತಂತಿಗಳು ಸಿಗುತ್ತವೆ, ಎರಡೆರಡಾಗಿ ಹುರಿಗೊಳಿಸಿದ ನಾಲ್ಕು ಜೋಡಿ. ಈ ಹುರಿ ಅಂದಕ್ಕಾಗಿ ಹಾಕಿದ್ದಲ್ಲ. ಜೋಡಿಯ ಒಂದು ತಂತಿಯಲ್ಲಿ ಸಂಕೇತ ಏರಿದಾಗ ಇನ್ನೊಂದರಲ್ಲಿ ಅಷ್ಟೇ ಇಳಿಯುತ್ತದೆ. ಪಕ್ಕದ ಮಿಕ್ಸಿಯ ಮೋಟಾರೋ ಟ್ಯೂಬ್‌ಲೈಟೋ ಗದ್ದಲ ಎಬ್ಬಿಸಿದರೆ, ಹುರಿಯ ಕಾರಣದಿಂದ ಆ ಗದ್ದಲ ಎರಡೂ ತಂತಿಗಳಿಗೆ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ತಗಲುತ್ತದೆ. ಆ ತುದಿಯ ಸಾಧನ ನೋಡುವುದು ಎರಡರ ನಡುವಿನ ವ್ಯತ್ಯಾಸವನ್ನು ಮಾತ್ರ. ಕಳೆಯುವಾಗ ಗದ್ದಲವೂ ಕಳೆದುಹೋಗುತ್ತದೆ. ಶಾಲೆಯಲ್ಲಿ ಕಲಿತ ಕಳೆಯುವ ಲೆಕ್ಕ ಇಷ್ಟು ಸೊಗಸಾಗಿ ಬಳಕೆಯಾದುದನ್ನು ನಾನು ಬೇರೆಲ್ಲೂ ಕಂಡಿಲ್ಲ. ಈ ಬಲದ ಮೇಲೆ ಸಂಕೇತ 100 ಮೀಟರ್‌ವರೆಗೆ ಕೆಡದೆ ಹೋಗುತ್ತದೆ.

100 ಎಂಬಿಪಿಎಸ್, ಅಂದರೆ ಸೆಕೆಂಡಿಗೆ 100 ಮೆಗಾಬಿಟ್ ವೇಗಕ್ಕೆ ಎರಡು ಜೋಡಿ ಸಾಕು, ಹೋಗಲು ಒಂದು, ಬರಲು ಒಂದು. 1000ಕ್ಕೆ ನಾಲ್ಕೂ ಜೋಡಿ ಬೇಕು, ಅಲ್ಲಿ ಪ್ರತಿ ಜೋಡಿಯಲ್ಲೂ ಏಕಕಾಲಕ್ಕೆ ಎರಡೂ ಕಡೆಯ ಸಂಚಾರ. ಯಾವ ಪೋರ್ಟ್‌ನಲ್ಲಿ ಯಾವ ಸಾಧನವಿದೆ ಎಂಬುದನ್ನು ಸ್ವಿಚ್ ಕಲಿತು ನೆನಪಿಟ್ಟುಕೊಳ್ಳುತ್ತದೆ. ಟಿವಿಗೆ ಬಂದದ್ದನ್ನು ಟಿವಿಯ ಪೋರ್ಟ್‌ಗೇ ತಲುಪಿಸುತ್ತದೆ. ಕಂಪ್ಯೂಟರ್‌ಗೆ ಅದರ ಸುಳಿವೂ ಇರುವುದಿಲ್ಲ. ಪ್ರತಿಯೊಬ್ಬರಿಗೂ ಅವರವರದೇ ನಲ್ಲಿ ಎನ್ನಿ.

ವೈ-ಫೈ ನಲ್ಲಿಯಲ್ಲ, ಬಾವಿ. ನಮ್ಮ ಅಜ್ಜಿಯ ಮನೆಯ ಬಾವಿಗೆ ಒಂದೇ ರಾಟೆ, ಒಂದೇ ಹಗ್ಗ. ಒಬ್ಬರು ಕೊಡಪಾನ ಇಳಿಸಿದರೆ ಮಿಕ್ಕವರು ಕಟ್ಟೆಯ ಬಳಿ ಕಾಯಬೇಕು. ಗಾಳಿಯಲ್ಲಿ ಒಂದು ಚಾನೆಲ್, ಅಂದರೆ ರೇಡಿಯೋ ಆವರ್ತನದ ಒಂದು ಓಣಿ, ಸ್ಥೂಲವಾಗಿ ಆ ಹಗ್ಗವೇ. ಒಂದು ಹೊತ್ತಿಗೆ ಒಬ್ಬರು ಮಾತ್ರ ಮಾತನಾಡಬಹುದು, ಆ ಸರದಿಯಲ್ಲಿ ರೌಟರ್ ಕೂಡ ಒಬ್ಬ. ಹೊಸ ಪೆಟ್ಟಿಗೆಗಳು ಒಂದೇ ಸರದಿಯನ್ನು ಕೆಲವರಿಗೆ ಹಂಚುವ ಉಪಾಯ ಕಲಿತಿವೆ, ನಿಜ. ಆದರೂ ಹಗ್ಗ ಒಂದೇ. ಒಳಕೋಣೆಯ ಮೂಲೆಯಲ್ಲಿರುವ ಹಳೆಯ ಮೊಬೈಲ್ ನಿಧಾನವಾಗಿ ಸೇದುತ್ತಿದ್ದರೆ, ರೌಟರ್ ಎದುರಿಗೇ ಕುಳಿತ ಹೊಸ ಲ್ಯಾಪ್‌ಟಾಪ್ ಕೂಡ ಅಷ್ಟು ಹೊತ್ತು ಕಾಯುತ್ತದೆ.

ಈ ಸರದಿಯ ಶಿಸ್ತು ಹುಟ್ಟಿದ್ದು ಸಮುದ್ರದ ನಡುವೆ. ಹವಾಯಿ ವಿಶ್ವವಿದ್ಯಾಲಯದಲ್ಲಿ ನಾರ್ಮನ್ ಅಬ್ರಾಮ್‌ಸನ್ ಮತ್ತು ಸಂಗಡಿಗರು 1971ರಲ್ಲಿ ದ್ವೀಪಗಳ ನಡುವೆ ರೇಡಿಯೋ ಮೂಲಕ ಕಂಪ್ಯೂಟರ್ ಸಂಪರ್ಕ ಕಲ್ಪಿಸಿದರು. ಅದರ ಹೆಸರು ಅಲೋಹಾನೆಟ್. ಹೇಳುವುದಿದ್ದರೆ ಹೇಳಿಬಿಡು, ಮುಟ್ಟಿತೆಂಬ ಉತ್ತರ ಬಾರದಿದ್ದರೆ ತೋಚಿದಷ್ಟು ಹೊತ್ತು ಕಾದು ಮತ್ತೆ ಹೇಳು: ನಿಯಮ ಇಷ್ಟೇ. ಎಲ್ಲರೂ ಹೀಗೆ ಬಾಯಿ ಹಾಕಿದರೆ ಮಾತುಗಳು ಒಂದಕ್ಕೊಂದು ಡಿಕ್ಕಿ ಹೊಡೆದು ಕೆಡುತ್ತವೆ, ಚಾನೆಲ್‌ನ ಸಾಮರ್ಥ್ಯದಲ್ಲಿ ಹೆಚ್ಚೆಂದರೆ ಶೇ. 18ರಷ್ಟು ಮಾತ್ರ ಕೆಲಸಕ್ಕೆ ಬರುತ್ತದೆ ಎಂದು ಗಣಿತ ಹೇಳಿತು. ಕ್ಯಾಲಿಫೋರ್ನಿಯಾದ ಜೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿದ್ದ ಬಾಬ್ ಮೆಟ್‌ಕಾಫ್ 1973ರಲ್ಲಿ ಇದೇ ವಿಚಾರವನ್ನು ತಿದ್ದಿ ತಂತಿಗೆ ತಂದರು. ಮೊದಲು ಕಿವಿಗೊಡು, ಯಾರೂ ಮಾತನಾಡದಿದ್ದರೆ ಆರಂಭಿಸು, ಡಿಕ್ಕಿಯಾದದ್ದು ಕೇಳಿಸಿದರೆ ತಕ್ಷಣ ನಿಲ್ಲಿಸು. ಬೆಳಕು ಸಾಗಲೆಂದು ಆಕಾಶವನ್ನೆಲ್ಲ ತುಂಬಿದೆ ಎಂದು ಹಳೆಯ ಭೌತಶಾಸ್ತ್ರ ಕಲ್ಪಿಸಿಕೊಂಡಿದ್ದ ಈಥರ್‌ನ ನೆನಪಿಗೆ ಅದಕ್ಕೆ ಈಥರ್‌ನೆಟ್ ಎಂದು ಹೆಸರಿಟ್ಟರು. ಗಾಳಿಯಲ್ಲಿ ಹುಟ್ಟಿದ್ದು ತಂತಿಗೆ ಬಂದು, ಆಕಾಶದ ಹೆಸರನ್ನೇ ಉಳಿಸಿಕೊಂಡಿತು.

ಮುಂದೆ ಸ್ವಿಚ್ ಬಂದ ಮೇಲೆ ತಂತಿಗೆ ಆ ಶಿಸ್ತಿನ ಹಂಗೇ ಉಳಿಯಲಿಲ್ಲ. ಗಾಳಿಗೆ ಉಳಿಯಿತು, ಅದೂ ಇನ್ನಷ್ಟು ಕಟ್ಟುನಿಟ್ಟಾಗಿ. ಏಕೆಂದರೆ ರೇಡಿಯೋ ಮಾತನಾಡುವಾಗ ತನ್ನದೇ ಕೂಗಿಗೆ ತನ್ನ ಕಿವಿ ಕಿವುಡಾಗುತ್ತದೆ, ಡಿಕ್ಕಿ ಅದಕ್ಕೆ ಕೇಳಿಸದು. ಹಾಗಾಗಿ ಡಿಕ್ಕಿಯಾಗದಂತೆ ಮೊದಲೇ ಎಚ್ಚರ ವಹಿಸಬೇಕು. ಕಾಯುವುದು, ಕಳಿಸುವುದು, ಮುಟ್ಟಿದೆ ಎಂಬ ರಸೀದಿ ಪಡೆಯುವುದು. ಈ ಉಪಚಾರಕ್ಕೇ ಬಹಳ ಸಮಯ ಹೋಗುತ್ತದೆ. ರೌಟರ್‌ನ ಡಬ್ಬದ ಮೇಲೆ ಅಚ್ಚಾದ ವೇಗ ಮೊಬೈಲ್‌ಗೆ ಸಿಗದಿರಲು ಇದೂ ಒಂದು ಕಾರಣ.

ಬಾವಿಗೆ ಪಾಲುದಾರರೂ ಇದ್ದಾರೆ. ಭಾರತ ಸರ್ಕಾರ ವೈ-ಫೈ ಬಳಸುವ 2.4 ಗಿಗಾಹರ್ಟ್ಸ್ ಆವರ್ತನ ಪಟ್ಟಿಯನ್ನು 2005ರಲ್ಲಿ ಪರವಾನಗಿಯಿಂದ ಮುಕ್ತಗೊಳಿಸಿತು. ಅಲ್ಲಿ ಪಕ್ಕದ ಮನೆಯ ವೈ-ಫೈ ಇದೆ, ಬ್ಲೂಟೂತ್ ಇದೆ, ಅಡುಗೆಮನೆಯ ಮೈಕ್ರೋವೇವ್ ಒಲೆಯೂ ಸರಿಸುಮಾರು ಅಲ್ಲೇ ಗುನುಗುತ್ತದೆ. ಚಾನೆಲ್ ಸಂಖ್ಯೆ 13ರವರೆಗೆ ಇದ್ದರೂ ಒಂದರ ಮೇಲೊಂದು ಬೀಳದಂಥವು 1, 6, 11 ಎಂಬ ಮೂರೇ. 5 ಗಿಗಾಹರ್ಟ್ಸ್‌ನಲ್ಲಿ ಜಾಗ ಹೆಚ್ಚು, ಆದರೆ ಗೋಡೆ ದಾಟುವ ತಾಕತ್ತು ಕಡಿಮೆ. ಕಬ್ಬಿಣದ ಬೀರುವಿನ ಮುಂದೆ ಎರಡೂ ಸೋಲುತ್ತವೆ.

ಬೀರು ಎಂದಾಗ ನನ್ನ ಅಕ್ಕನ ಮನೆ ನೆನಪಾಗುತ್ತದೆ. 300 ಎಂಬಿಪಿಎಸ್‌ಗೆ ಹಣ ಕಟ್ಟಿದ್ದರು, ಮಹಡಿಯ ಕೋಣೆಗೆ 15 ಬರುತ್ತಿತ್ತು. ಮೂರು ಬಾರಿ ದೂರು ಕೊಟ್ಟಾಗಿತ್ತು. ಹೋಗಿ ನೋಡಿದರೆ ರೌಟರ್ ಕೆಳಗಿನ ಕೋಣೆಯಲ್ಲಿ, ಬೀರುವಿನ ಹಿಂದೆ. ಅಂದ ಕೆಡುತ್ತದೆ ಎಂದು ಭಾವನವರು ಅಲ್ಲಿ ಇಡಿಸಿದ್ದರಂತೆ. ಮೇಲೆ ಒಂದು ರಿಪೀಟರ್ ಕೂಡ ಇತ್ತು. ಒಂದೇ ಚಾನೆಲ್‌ನಲ್ಲಿ ಕೇಳಿ ಅದನ್ನೇ ಮತ್ತೆ ಹೇಳುವ ರಿಪೀಟರ್ ಎಂದರೆ ಪ್ರತಿ ಕೊಡ ನೀರನ್ನು ಎರಡು ಸಲ ಸೇದಿದಂತೆ. ವೇಗ ಅರ್ಧಕ್ಕೆ ಇಳಿಯದಿದ್ದರೆ ಆಶ್ಚರ್ಯ. ಅದನ್ನು ಕಿತ್ತು, ಮೆಟ್ಟಿಲ ಅಂಚಿನಲ್ಲಿ ಲ್ಯಾನ್ ಕೇಬಲ್ ಎಳೆದು, ಮಹಡಿಯಲ್ಲಿ ಬೇರೊಂದು ಚಾನೆಲ್‌ನ ಆಕ್ಸೆಸ್ ಪಾಯಿಂಟ್, ಅಂದರೆ ತಂತಿಯಲ್ಲಿ ಬಂದದ್ದನ್ನು ವೈ-ಫೈ ಆಗಿ ಹಂಚುವ ಪೆಟ್ಟಿಗೆ, ಇಟ್ಟೆವು. ಕೆಳಗಿನ ಟಿವಿಯನ್ನೂ ತಂತಿಗೆ ಹಾಕಿದೆವು, ಸಿನಿಮಾದ ಕೊಡಪಾನ ಬಾವಿಯಿಂದ ಈಚೆ ಬಂತು.

ಆದರೂ ಮೇಲೆ 95 ದಾಟಲಿಲ್ಲ. 95 ಎಂಬ ಅಂಕಿ ಕಂಡಾಗಲೇ ತಂತಿಯ ಮೇಲೆ ಅನುಮಾನ ಬರಬೇಕು, ಅದು 100ರ ಕೊಂಡಿಯ ಗುರುತು. ಕೇಬಲ್ ತುದಿಯಲ್ಲಿ ಕಂದು ಬಣ್ಣದ ಒಂದು ತಂತಿ ಪಿನ್‌ಗೆ ತಾಗಿರಲಿಲ್ಲ. ನಾಲ್ಕನೆಯ ಜೋಡಿ ಇಲ್ಲದ್ದನ್ನು ಕಂಡ ಪೆಟ್ಟಿಗೆಗಳು ಯಾರಿಗೂ ಹೇಳದೆ 1000ದಿಂದ 100ಕ್ಕೆ ಇಳಿದು ಕುಳಿತಿದ್ದವು. ತುದಿ ಕತ್ತರಿಸಿ ಹೊಸ ಕನೆಕ್ಟರ್ ಹಾಕಿದ ಮೇಲೆ 280 ಬಂತು.

ಕತ್ತರಿಸಿದ ಆ ತುದಿ ಇಲ್ಲಿದೆ, ಮುಂದಿನ ಸಾಲಿನಿಂದ ಕೈಯಿಂದ ಕೈಗೆ ದಾಟಿಸಿ. ಬೆಳಕಿಗೆ ಹಿಡಿದು ನೋಡಿದರೆ ಏಳು ತಂತಿಗಳು ಅಂಚನ್ನು ಮುಟ್ಟಿವೆ, ಎಂಟನೆಯದು ಒಂದು ಎಳ್ಳಿನಷ್ಟು ಹಿಂದೆಯೇ ನಿಂತಿದೆ.