ನಾಯಿಗೊಂದು ಬೇರೆ ಪಾತ್ರೆ

ನಮಸ್ಕಾರ ಕೇಳುಗರೇ.

ನಿಮ್ಮ ಮನೆ ನಾಯಿ ಇವತ್ತು ಬೆಳಗ್ಗೆ ಏನು ತಿಂದಿತು? ಸುಮ್ನೆ ಒಂದು ಸಲ ನೆನಪು ಮಾಡಿಕೊಳ್ಳಿ. ಕೊಡಗಿನಲ್ಲಿ ನಾಯಿ ಇಲ್ಲದ ಮನೆ ಹುಡುಕುವುದು ಕಷ್ಟ. ತೋಟದ ಮನೆಯಲ್ಲಿ ಎರಡೋ ಮೂರೋ ಇರುತ್ತವೆ, ಕೆಲಸಗಾರರ ಲೈನ್ ಮನೆಗಳ ಹತ್ತಿರ ಇನ್ನೊಂದಿಷ್ಟು, ಪೇಟೆಯ ಪುಟ್ಟ ಮನೆಯಲ್ಲೂ ಒಂದು ಸೋಫಾದ ಮೇಲೆ ಮಲಗಿರುತ್ತದೆ. ಆದರೆ ಊಟದ ವಿಷಯ ಬಂದರೆ ನಮ್ಮಲ್ಲಿ ಎರಡೇ ಪಕ್ಷ. ರಾತ್ರಿ ಉಳಿದದ್ದನ್ನು ಕಲಸಿ ಹಾಕುವವರು ಒಂದು ಪಕ್ಷ. ಗೋಣಿಕೊಪ್ಪದಿಂದಲೋ ಕುಶಾಲನಗರದಿಂದಲೋ ಡಾಗ್ ಫುಡ್ಡಿನ ದೊಡ್ಡ ಚೀಲ ತಂದು, ಒಂದು ಲೋಟ ಅಳೆದು ಸುರಿದು ಕೈತೊಳೆದುಕೊಳ್ಳುವವರು ಇನ್ನೊಂದು ಪಕ್ಷ. ಇವರನ್ನು ನೋಡಿ ಅವರು "ದುಡ್ಡು ಜಾಸ್ತಿ ಆಗಿದೆ" ಅನ್ನುತ್ತಾರೆ, ಅವರನ್ನು ನೋಡಿ ಇವರು "ನಾಯಿ ಸಾಕೋಕೆ ಗೊತ್ತಿಲ್ಲ" ಅನ್ನುತ್ತಾರೆ.

ನಾನು ಯಾವ ಕಡೆ ಅಂತ ಮೊದಲೇ ಹೇಳಿಬಿಡುತ್ತೇನೆ. ಮನೆ ಅಡುಗೆಯ ಕಡೆ. ಆದರೆ ಉಳಿದ ಸಾರನ್ನದ ಕಡೆ ಖಂಡಿತ ಅಲ್ಲ. ನಾಯಿಗೆ ಅಂತಲೇ ಬೇರೆ ಪಾತ್ರೆ ಒಲೆ ಮೇಲೆ ಇಡುವ ಪುರುಸೊತ್ತು ಇದ್ದರೆ ಮನೆ ಊಟ ಹಾಕಿ. ಇಲ್ಲವಾದರೆ ಚೀಲದ ಕಾಳೇ ವಾಸಿ. ನಾನು ಡಾಕ್ಟರ್ ಅಲ್ಲ, ತೋಟದಲ್ಲಿ ನಾಯಿ ಸಾಕಿಕೊಂಡು, ಅದರ ಬಗ್ಗೆ ಓದಿಕೊಂಡು ಬಂದವನು. ಆ ಲೆಕ್ಕದಲ್ಲೇ ಕೇಳಿ.

ಈ ಚೀಲದ ಡಾಗ್ ಫುಡ್ ಅನ್ನೋದು ತುಂಬ ಹಳೆಯದೇನಲ್ಲ. ಜೇಮ್ಸ್ ಸ್ಪ್ರಾಟ್ ಅಂತ ಒಬ್ಬ ಅಮೆರಿಕದವನು, ಸಿಡಿಲು ತಡೆಯುವ ಸಲಾಕೆ ಮಾರಲು ಲಂಡನ್ನಿಗೆ ಹೋಗಿದ್ದವನು, ಹಡಗಿನವರು ಎಸೆದ ಗಟ್ಟಿ ಬಿಸ್ಕತ್ತಿಗೆ ನಾಯಿಗಳು ಮುಗಿಬೀಳುವುದನ್ನು ನೋಡಿದನಂತೆ. 1860ರ ಆಸುಪಾಸಿನಲ್ಲಿ ನಾಯಿ ಬಿಸ್ಕತ್ತಿನ ವ್ಯಾಪಾರ ಶುರು ಮಾಡಿದ. ಈಗ ನಾವು ನೋಡುವ ಉಬ್ಬಿದ ಕಾಳು ಬಂದದ್ದು 1950ರ ದಶಕದಲ್ಲಿ. ಮಾಂಸದ ಪುಡಿ, ಮೆಕ್ಕೆಜೋಳ, ಅಕ್ಕಿ, ಕೊಬ್ಬು ಎಲ್ಲ ಸೇರಿಸಿದ ಹಿಟ್ಟನ್ನು ಬಿಸಿಯಲ್ಲಿ, ಒತ್ತಡದಲ್ಲಿ ಅಚ್ಚಿನ ತೂತಿನಿಂದ ಹೊರಗೆ ತಳ್ಳುವ ಯಂತ್ರದಲ್ಲಿ ಅದನ್ನು ಮಾಡುತ್ತಾರೆ. ಹೊರಗೆ ಬಂದದ್ದು ಉಬ್ಬುತ್ತದೆ, ಅದನ್ನು ಒಣಗಿಸಿ ಮೇಲೆ ಕೊಬ್ಬು ಸವರುತ್ತಾರೆ. ನಾಯಿ ಮೂಗು ಅರಳಿಸುವುದು ಆ ಕೊಬ್ಬಿನ ವಾಸನೆಗೆ.

ಅದಕ್ಕಿಂತ ಮುಂಚೆ ಸಾವಿರಾರು ವರ್ಷ ನಾಯಿ ತಿಂದದ್ದು ನಾವು ತಿಂದದ್ದನ್ನೇ. "ನಾಯಿ ತೋಳದ ಜಾತಿ, ಅದಕ್ಕೆ ಅನ್ನ ಹಾಕಬಾರದು" ಅಂತ ಈಗ ಕೆಲವರು ಹೇಳುತ್ತಾರಲ್ಲ, ಅದು ಪೂರ್ತಿ ಸರಿ ಅಲ್ಲ. 2013ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ತೋಳ ಮತ್ತು ನಾಯಿಗಳ ಜೀನ್ ಹೋಲಿಸಿ ನೋಡಿದರು. ಪಿಷ್ಟ ಅರಗಿಸುವ ಒಂದು ಜೀನ್ ತೋಳದಲ್ಲಿ ಎರಡೇ ಪ್ರತಿ ಇದ್ದರೆ, ನಾಯಿಗಳಲ್ಲಿ 4ರಿಂದ 30ರವರೆಗೆ ಸಿಕ್ಕಿತು. ಅಂದರೆ ಮನುಷ್ಯನ ಮನೆ ಬಾಗಿಲಲ್ಲಿ ಕೂತು ಕೂತು ಅದರ ಹೊಟ್ಟೆಯೇ ಬದಲಾಗಿದೆ. ನುಚ್ಚಕ್ಕಿ, ರಾಗಿ ಮುದ್ದೆ ಎಲ್ಲ ಚೆನ್ನಾಗಿ ಬೇಯಿಸಿ ಹಾಕಿದರೆ ಅರಗುತ್ತದೆ. ಬರೀ ಅದನ್ನೇ ಹಾಕಬಾರದು ಅಷ್ಟೇ.

ಇಲ್ಲಿ ಒಬ್ಬರು ಹಿರಿಯರು ಎದ್ದು ಕೇಳುತ್ತಾರೆ, ನನಗೆ ಗೊತ್ತು. "ನಮ್ಮ ಅಜ್ಜನ ಕಾಲದಲ್ಲಿ ಯಾರಯ್ಯಾ ಇದೆಲ್ಲ ನೋಡ್ತಿದ್ರು? ಅನ್ನ, ಮೂಳೆ ಹಾಕ್ತಿದ್ವಿ, ಹುಲಿ ಹಾಗಿದ್ವು ನಾಯಿಗಳು!" ಸರಿ ಅಜ್ಜ. ಆದರೆ ಆ ನಾಯಿ ನೀವು ಹಾಕಿದ್ದನ್ನು ಮಾತ್ರ ತಿನ್ನುತ್ತಿರಲಿಲ್ಲ. ಹಗಲಿಡೀ ತೋಟ ಸುತ್ತುತ್ತಿತ್ತು. ಇಲಿ ಹಿಡಿಯುತ್ತಿತ್ತು, ಹಕ್ಕಿ ಹಿಡಿಯುತ್ತಿತ್ತು, ಚರ್ಮ, ಮೂಳೆ, ಕರುಳು, ಲಿವರ್ ಎಲ್ಲ ಸೇರಿಸಿ ತಿನ್ನುತ್ತಿತ್ತು. ಅನ್ನದಲ್ಲಿ ಇಲ್ಲದ್ದು ಅಲ್ಲಿ ಸಿಗುತ್ತಿತ್ತು. ಇನ್ನೊಂದು ಮಾತು, ಆರೇಳು ವರ್ಷಕ್ಕೆ ಸತ್ತ ನಾಯಿಗಳ ಲೆಕ್ಕ ಆಗ ಯಾರೂ ಇಟ್ಟಿರಲಿಲ್ಲ. ಚಿರತೆ ಹೊತ್ತುಕೊಂಡು ಹೋಯಿತು ಅಂದರೆ ಮಾತು ಮುಗಿಯಿತು. ಈಗಿನ ಲ್ಯಾಬ್ರಡಾರ್ ಗೇಟಿನೊಳಗೇ ಇರುತ್ತದೆ. ಅದಕ್ಕೆ ನಾವು ಹಾಕಿದ್ದೇ ಗತಿ.

ಹಾಗಾದರೆ ಸಾರನ್ನ ಯಾಕೆ ಬೇಡ? ಮೊದಲ ಕಾರಣ ಈರುಳ್ಳಿ, ಬೆಳ್ಳುಳ್ಳಿ. ಇವು ನಾಯಿಯ ರಕ್ತದ ಕೆಂಪು ಕಣ ಒಡೆಯುತ್ತವೆ. ಬೇಯಿಸಿದರೂ, ಪುಡಿ ಮಾಡಿದರೂ ಅಷ್ಟೇ. ತಿಂದ ದಿನ ಏನೂ ಕಾಣುವುದಿಲ್ಲ, ಕೆಲವು ದಿನ ಕಳೆದ ಮೇಲೆ ನಾಯಿ ಸುಸ್ತಾಗಿ ಬೀಳುತ್ತದೆ, ಒಸಡು ಬಿಳುಚುತ್ತದೆ. ಅಷ್ಟು ಹೊತ್ತಿಗೆ ತಿಂದದ್ದು ಯಾರಿಗೆ ನೆನಪಿರುತ್ತದೆ? ಇನ್ನು ಹುಣಸೆ. ದ್ರಾಕ್ಷಿ, ಒಣದ್ರಾಕ್ಷಿ ನಾಯಿಯ ಕಿಡ್ನಿ ಕೆಡಿಸುತ್ತವೆ ಅನ್ನುವುದು ಹಳೆಯ ಮಾತು. ಅದಕ್ಕೆ ಟಾರ್ಟಾರಿಕ್ ಆಮ್ಲವೇ ಕಾರಣ ಇರಬೇಕು ಅಂತ ಪಶುವೈದ್ಯರು ಈಚೆಗೆ ಹೇಳುತ್ತಿದ್ದಾರೆ, ಆ ಆಮ್ಲ ಹುಣಸೆಹಣ್ಣಿನಲ್ಲಿ ಧಾರಾಳವಾಗಿದೆ. ಹಾಗಾಗಿ ಸಾಂಬಾರ್ ಕಲಸಿದ ಅನ್ನ ಅಂದರೆ ಎರಡೆರಡು ತೊಂದರೆ ಒಂದೇ ತಟ್ಟೆಯಲ್ಲಿ.

ಪಂದಿಕರಿಯ, ಅಂದರೆ ನಮ್ಮ ಹಂದಿಮಾಂಸದ ಕರಿಯ ವಿಷಯಕ್ಕೆ ಬರೋಣ, ಅದನ್ನು ಬಿಟ್ಟು ಕೊಡಗಿನಲ್ಲಿ ಊಟದ ಮಾತು ಮುಗಿಯುತ್ತದಾ? ಕೈಲ್ ಮುಹೂರ್ತ, ಹುತ್ತರಿ, ಮದುವೆ ಸೀಸನ್ನು. ಮಾರನೇ ದಿನ ಪಾತ್ರೆಯ ತಳದಲ್ಲಿ ಕಪ್ಪಗೆ ಮಸಾಲೆ, ಮೇಲೆ ಬೆಳ್ಳಗೆ ಹೆಪ್ಪುಗಟ್ಟಿದ ಕೊಬ್ಬು. ಅದನ್ನು ಅಕ್ಕಿ ರೊಟ್ಟಿ ಚೂರಿನ ಜೊತೆ ನಾಯಿಗೆ ಸುರಿಯುವುದು ನಮ್ಮ ವಾಡಿಕೆ. ದಯವಿಟ್ಟು ಬೇಡ. ಅಷ್ಟು ಕೊಬ್ಬು ಒಟ್ಟಿಗೆ ಹೊಟ್ಟೆಗೆ ಹೋದರೆ ಕೆಲವು ನಾಯಿಗಳಿಗೆ ಪ್ಯಾಂಕ್ರಿಯಾಸ್, ಅಂದರೆ ಮೇದೋಜೀರಕ ಗ್ರಂಥಿ, ಊದಿಕೊಳ್ಳುತ್ತದೆ. ವಾಂತಿ, ಹೊಟ್ಟೆನೋವು. ಮುಂಗಾಲು ನೆಲಕ್ಕೆ ಚಾಚಿ ಹಿಂಭಾಗ ಎತ್ತಿಕೊಂಡು ನಿಲ್ಲುತ್ತದೆ ನೋಡಿ, ಆಟಕ್ಕೆ ಕರೆಯುತ್ತಿದೆ ಅಂದುಕೊಳ್ಳಬೇಡಿ. ಹಬ್ಬದ ಮಾರನೇ ದಿನ ಹಾಗೆ ನಿಂತರೆ ನೇರ ಪಶು ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಆ ಕರಿಗೆ ಹುಳಿಗೆಂದು ಹಾಕುವ ಕಾಚಂಪುಳಿ ಹುಣಸೆ ಅಲ್ಲವಲ್ಲ ಅಂತ ವಾದ ಮಾಡಬಹುದು. ನಿಜ, ಅದರ ಹುಳಿ ಬೇರೆ. ಆದರೆ ಆ ಕರಿಯಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಉಪ್ಪು, ಕೊಬ್ಬು ಎಲ್ಲ ಇದೆ, ಕಾಚಂಪುಳಿ ಒಂದನ್ನು ಬಿಟ್ಟುಕೊಟ್ಟು ಏನು ಪ್ರಯೋಜನ? ಬೇಯಿಸಿದ ಮೂಳೆಯೂ ಬೇಡ. ಕೋಳಿ ಮೂಳೆ ಬೆಂದ ಮೇಲೆ ಚೂಪಾಗಿ ಸೀಳುತ್ತದೆ, ಕರುಳಿಗೆ ಚುಚ್ಚುತ್ತದೆ.

ಕಾಫಿ ಕೂಡ ನಾಯಿಗೆ ವಿಷವೇ. ನಮ್ಮ ಅಂಗಳದಲ್ಲಿ ಅದೇ ತಾನೆ ಇರುವುದು! ಫಿಲ್ಟರಿನಿಂದ ಬಡಿದು ಎಸೆದ ಪುಡಿಯನ್ನು ಹಾಲಿನ ವಾಸನೆ ಸೇರಿದ್ದರೆ ನಾಯಿ ನೆಕ್ಕುತ್ತದೆ, ನಾಯಿಮರಿ ಕಣದಲ್ಲಿ ಒಣಗಿದ ಹಣ್ಣನ್ನೂ ಅಗಿಯುತ್ತದೆ. ಎದೆ ಜೋರಾಗಿ ಹೊಡೆದುಕೊಳ್ಳುತ್ತದೆ, ಮೈ ನಡುಗುತ್ತದೆ. ಮಡಿಕೇರಿ ಅಂಗಡಿಗಳ ಹೋಂಮೇಡ್ ಚಾಕೊಲೇಟಿಗೂ ಇದೇ ಮಾತು, ಕಪ್ಪಾದಷ್ಟೂ ಅಪಾಯ ಜಾಸ್ತಿ. ಸಕ್ಕರೆ ಇಲ್ಲದ ಚ್ಯೂಯಿಂಗ್ ಗಮ್ಮಿನಲ್ಲಿ ಹಾಕುವ ಕ್ಸೈಲಿಟಾಲ್ ಅನ್ನುವ ಸಿಹಿ ಇನ್ನೂ ಕೆಟ್ಟದ್ದು. ಬಟರ್ ಫ್ರೂಟಿನ ಬೀಜ ನುಂಗಿದರೆ ಕರುಳಲ್ಲಿ ಸಿಕ್ಕಿಕೊಳ್ಳುತ್ತದೆ.

ಈಗ ಪಾತ್ರೆ ಇಡೋಣ. 20 ಕಿಲೋ ತೂಗುವ, ಪೂರ್ತಿ ಬೆಳೆದ, ಆರೋಗ್ಯವಾಗಿರುವ ನಾಯಿ ಅಂತ ಇಟ್ಟುಕೊಳ್ಳಿ. ಅದಕ್ಕೆ ದಿನಕ್ಕೆ ಸುಮಾರು 1000 ಕ್ಯಾಲೊರಿ ಬೇಕು. ಬೆಂದ ಮೇಲೆ ತೂಗಿದರೆ 300 ಗ್ರಾಂ ಮೂಳೆ ಇಲ್ಲದ ಕೋಳಿ, 250 ಗ್ರಾಂ ಅನ್ನ, ಒಂದು ಹಿಡಿ ಸಿಹಿಗುಂಬಳವೋ ಕ್ಯಾರೆಟ್ಟೋ ಬೀನ್ಸೋ, ಒಂದು ಮೊಟ್ಟೆ, ಒಂದು ಚಮಚ ಎಣ್ಣೆ. ಇದು ಎರಡು ಹೊತ್ತಿಗೆ. ಮಸಾಲೆ ಬೇಡ, ಒಂದು ಚಿಟಿಕೆ ಅಯೋಡಿನ್ ಉಪ್ಪು ಸಾಕು. ಕೋಳಿ ಅಂಗಡಿಯಲ್ಲಿ "ನಾಯಿಗೆ ಅಂತ ಕೊಡಿ ಅಣ್ಣ" ಅಂದರೆ ತಲೆ, ಕಾಲು, ಚರ್ಮ ತುಂಬಿಸಿ ಕೊಡುತ್ತಾರೆ, ಅದರಲ್ಲಿ ಮಾಂಸ ಎಷ್ಟಿದೆ ಅಂತ ನೋಡಿ ತನ್ನಿ. ಲಿವರ್ ವಾರಕ್ಕೆ ಒಂದೆರಡು ಸಲ ಸ್ವಲ್ಪ ಸಾಕು, ದಿನಾ ಹಾಕಿದರೆ ವಿಟಮಿನ್ ಎ ಅತಿಯಾಗುತ್ತದೆ. ಮೀನಿನವನು ಗಾಡಿ ತಂದಾಗ ಮತ್ತಿ ಸಿಕ್ಕಿದರೆ ಕುಕ್ಕರಿನಲ್ಲಿ ಚೆನ್ನಾಗಿ ಬೇಯಿಸಿ. ಬೆರಳಲ್ಲಿ ಅದುಮಿದರೆ ನಡುಮುಳ್ಳು ಹಿಟ್ಟಾಗಬೇಕು, ಆಗ ಮುಳ್ಳು ಸಮೇತ ಹಾಕಬಹುದು. ಹಾಲು ಬಹಳ ನಾಯಿಗಳಿಗೆ ಹಿಡಿಸುವುದಿಲ್ಲ, ಭೇದಿ ಆಗುತ್ತದೆ. ಮೊಸರು ಪರವಾಗಿಲ್ಲ.

ಎಲ್ಲರೂ ಮರೆಯುವುದು ಕ್ಯಾಲ್ಸಿಯಂ. ಮಾಂಸದಲ್ಲಿ ರಂಜಕ, ಅಂದರೆ ಫಾಸ್ಫರಸ್, ತುಂಬಾ ಇದೆ, ಕ್ಯಾಲ್ಸಿಯಂ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ನಾಯಿಗೆ ಬೇಕಾದದ್ದು ಕ್ಯಾಲ್ಸಿಯಂ ಸ್ವಲ್ಪ ಜಾಸ್ತಿ, ರಂಜಕ ಅದಕ್ಕಿಂತ ತುಸು ಕಡಿಮೆ. ಕೊರತೆ ಆದರೆ ದೇಹ ಸುಮ್ಮನಿರುವುದಿಲ್ಲ, ತನ್ನ ಮೂಳೆಯಿಂದಲೇ ತೆಗೆದುಕೊಳ್ಳುತ್ತದೆ. "ದಿನಾ ಕೋಳಿ ಹಾಕ್ತೀನಿ, ಆದರೂ ಮರಿ ಕಾಲು ಸೊಟ್ಟ ಆಗಿದೆ" ಅಂತ ಹೇಳುವವರನ್ನು ನೀವೂ ನೋಡಿರಬಹುದು. ಕೋಳಿ ಹಾಕಿದ್ದೇ ಕಾರಣ ಅಂದರೆ ಅವರು ನಂಬುವುದಿಲ್ಲ.

ಇದಕ್ಕೆ ಉಪಾಯ ಮೊಟ್ಟೆ ಚಿಪ್ಪು. ತೊಳೆದು ಹತ್ತು ನಿಮಿಷ ಕುದಿಸಿ. ಒಣಗಿಸಿ. ಮಳೆಗಾಲದಲ್ಲಿ ಬಿಸಿಲು ಎಲ್ಲಿಂದ ತರುವುದು, ಒಲೆ ಪಕ್ಕ ಇಡಿ. ಆಮೇಲೆ ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಿ, ಬೆರಳ ನಡುವೆ ತಿಕ್ಕಿದರೆ ಮರಳಿನ ಹಾಗೆ ಸಿಗಬಾರದು. ಒಂದು ಮಟ್ಟ ಟೀ ಚಮಚದಲ್ಲಿ ಸುಮಾರು 2000 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ನಾವು ಹೇಳಿದ 20 ಕಿಲೋ ನಾಯಿಗೆ ದಿನಕ್ಕೆ ಅರ್ಧ ಚಮಚ, ಅದಕ್ಕಿಂತ ಒಂಚೂರು ಮೇಲೆ. ಮುಳ್ಳು ಸಮೇತ ಮತ್ತಿ ಹಾಕಿದ ದಿನ ಕಡಿಮೆ ಮಾಡಿ. ರಾಗಿಯಲ್ಲಿ ಕ್ಯಾಲ್ಸಿಯಂ ಇದೆಯಲ್ಲ ಅಂದರೆ, ಇದೆ, ಆದರೆ ರಾಗಿಯಲ್ಲೇ ಇರುವ ಫೈಟೇಟ್ ಅನ್ನುವ ಅಂಶ ಅದನ್ನು ಪೂರ್ತಿ ಮೈಗೆ ಹತ್ತಲು ಬಿಡುವುದಿಲ್ಲ. ಬರೀ ಮುದ್ದೆಯಿಂದ ಲೆಕ್ಕ ಸರಿಹೋಗುವುದಿಲ್ಲ.

ಇಷ್ಟು ಮಾಡಿದರೂ ಸಾಕಾಗುತ್ತದಾ? ಪೂರ್ತಿ ಇಲ್ಲ. 2013ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಪಶುವೈದ್ಯರು ಪುಸ್ತಕಗಳಿಂದ, ಇಂಟರ್‌ನೆಟ್‌ನಿಂದ 200 ಮನೆ ಅಡುಗೆ ವಿಧಾನ ಎತ್ತಿಕೊಂಡು ಲೆಕ್ಕ ಹಾಕಿದರು. ನೂರಕ್ಕೆ 95ರಲ್ಲಿ ಏನಾದರೂ ಒಂದು ಅಗತ್ಯ ಅಂಶ ಕಡಿಮೆ ಇತ್ತು. ಸತು, ತಾಮ್ರ, ವಿಟಮಿನ್ ಡಿ, ವಿಟಮಿನ್ ಇ, ಇಂಥವೇ. ನಮ್ಮ ಹಾಗೆ ಬಿಸಿಲಲ್ಲಿ ಕೂತು ಡಿ ಮಾಡಿಕೊಳ್ಳಲು ನಾಯಿಗೆ ಬರುವುದಿಲ್ಲ, ಊಟದಿಂದಲೇ ಸಿಗಬೇಕು. ನಾನು ಈಗ ಹೇಳಿದ ಪಾತ್ರೆಗೂ ಈ ಮಾತು ಅನ್ವಯಿಸುತ್ತದೆ. ಅದಕ್ಕೇ ಡಾಕ್ಟರ ಹತ್ತಿರ ಕೇಳಿ ಒಂದು ವಿಟಮಿನ್, ಮಿನರಲ್ ಪುಡಿ ಸೇರಿಸಿಕೊಳ್ಳಿ, ಇಲ್ಲವೇ ಒಂದು ಹೊತ್ತು ಕಾಳು, ಒಂದು ಹೊತ್ತು ಮನೆ ಊಟ ಅಂತ ಮಾಡಿ. ಎರಡೂ ಬೆರೆಸಬಾರದು ಅಂತ ಯಾರೋ ಹೆದರಿಸುತ್ತಾರೆ. ಅದರಲ್ಲಿ ಹುರುಳಿಲ್ಲ.

ಮರಿಗಳಿಗೆ ಮಾತ್ರ ನನ್ನ ಪಕ್ಷ ಬದಲಾಗುತ್ತದೆ. ಜರ್ಮನ್ ಶೆಫರ್ಡ್, ಲ್ಯಾಬ್, ಗ್ರೇಟ್ ಡೇನ್ ಥರದ ಬೇಗ ಬೆಳೆಯುವ ಮರಿಗೆ ಕ್ಯಾಲ್ಸಿಯಂ ಕಡಿಮೆಯಾದರೂ ಕಷ್ಟ, ಜಾಸ್ತಿಯಾದರೂ ಕಷ್ಟ. ಬೇಡವಾದದ್ದನ್ನು ಬಿಟ್ಟುಬಿಡುವ ಶಕ್ತಿ ಅದರ ಕರುಳಿಗೆ ಇನ್ನೂ ಬಂದಿರುವುದಿಲ್ಲ. ಒಂದು ವರ್ಷ, ತೀರಾ ದೊಡ್ಡ ಜಾತಿಯಾದರೆ ಒಂದೂವರೆ ವರ್ಷ, ಒಳ್ಳೆಯ ಪಪ್ಪಿ ಫುಡ್ಡೇ ಇರಲಿ. ಅದರ ಮೇಲೆ ಮತ್ತೆ ಕ್ಯಾಲ್ಸಿಯಂ ಸಿರಪ್ ಸುರಿಯಬೇಡಿ.

ಕಾಳು ಹಾಕುವವರಿಗೂ ಒಂದೆರಡು ಮಾತು. ನಮ್ಮ ಜೂನ್, ಜುಲೈ, ಆಗಸ್ಟ್ ಗೊತ್ತಲ್ಲ, ಚಪ್ಪಲಿಗೂ ಬೂಷ್ಟು ಹಿಡಿಯುವ ತಿಂಗಳುಗಳು. ದೊಡ್ಡ ಚೀಲದ ಬಾಯಿ ಬಿಚ್ಚಿ ಸ್ಟೋರ್ ರೂಮಿನಲ್ಲಿ ಇಟ್ಟರೆ ಕಾಳಿಗೂ ಹಿಡಿಯುತ್ತದೆ. ಕೆಲವು ಬೂಷ್ಟು ಅಫ್ಲಾಟಾಕ್ಸಿನ್ ಅನ್ನುವ ವಿಷ ಬಿಡುತ್ತದೆ, ಅದು ನೇರ ಲಿವರಿಗೆ. ಮಳೆಗಾಲದಲ್ಲಿ ಸಣ್ಣ ಚೀಲ ತನ್ನಿ, ಚೀಲದ ಸಮೇತ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಡಿ. ಕಾಳಿನಲ್ಲಿ ನೀರಿನ ಅಂಶ ನೂರಕ್ಕೆ ಹತ್ತರಷ್ಟು ಮಾತ್ರ, ಹಾಗಾಗಿ ನೀರಿನ ಬಟ್ಟಲು ಯಾವಾಗಲೂ ತುಂಬಿರಲಿ. ದೊಡ್ಡ ಕಂಪನಿ ಅಂದ ಮಾತ್ರಕ್ಕೆ ಕಣ್ಣುಮುಚ್ಚಿ ನಂಬುವುದೂ ಬೇಡ. 2007ರಲ್ಲಿ ಅಮೆರಿಕದಲ್ಲಿ ನಾಯಿ ಬೆಕ್ಕಿನ ಆಹಾರಕ್ಕೆ ಹಾಕುವ ಗೋಧಿ ಅಂಟಿಗೆ (ಗ್ಲೂಟನ್) ಮೆಲಮೈನ್ ಅನ್ನುವ, ಪ್ಲಾಸ್ಟಿಕ್ಕಿಗೆ ಬಳಸುವ ರಾಸಾಯನಿಕ ಬೆರೆಸಿದ್ದು ಬಯಲಾಗಿ, ಕಿಡ್ನಿ ಕೆಟ್ಟು ಎಷ್ಟೋ ನಾಯಿ ಬೆಕ್ಕು ಸತ್ತು, ದೊಡ್ಡ ದೊಡ್ಡ ಬ್ರ್ಯಾಂಡುಗಳ ಆಹಾರವನ್ನೇ ವಾಪಸ್ ತೆಗೆದುಕೊಂಡರು.

ಹಸಿ ಮಾಂಸ? ಆಸ್ಟ್ರೇಲಿಯಾದ ಪಶುವೈದ್ಯ ಇಯಾನ್ ಬಿಲ್ಲಿಂಗ್‌ಹರ್ಸ್ಟ್ 1990ರ ದಶಕದಲ್ಲಿ ಆ ಪದ್ಧತಿಯನ್ನು ಪ್ರಚಾರ ಮಾಡಿದರು, ಈಗ ನಮ್ಮಲ್ಲೂ ಕೆಲವರು ಶುರು ಮಾಡಿದ್ದಾರೆ. ಬೆಳಗ್ಗೆಯಿಂದ ಕೊಕ್ಕೆಯಲ್ಲಿ ನೇತಾಡಿದ ಮಾಂಸ ನೋಡಿದರೆ ನನಗಂತೂ ಧೈರ್ಯ ಬರುವುದಿಲ್ಲ. ಕುರಿ, ಆಡಿನ ಹಸಿ ಶ್ವಾಸಕೋಶ, ಲಿವರ್ ತಿಂದ ನಾಯಿಯ ಹೊಟ್ಟೆಯಲ್ಲಿ ಒಂದು ಸಣ್ಣ ಲಾಡಿಹುಳು ಬೆಳೆಯಬಹುದು. ಅದರ ಮೊಟ್ಟೆ ನಾಯಿಯ ಮಲದಿಂದ, ಕೂದಲಿನಿಂದ ಮಕ್ಕಳ ಕೈಗೆ, ಕೈಯಿಂದ ಬಾಯಿಗೆ. ಆಮೇಲೆ ಮನುಷ್ಯರ ಲಿವರಿನಲ್ಲಿ ನೀರುಗುಳ್ಳೆ ಆಗುತ್ತದೆ. ಬೇಯಿಸಿ ಹಾಕಿ, ಕಾಲಕಾಲಕ್ಕೆ ಹುಳದ ಮಾತ್ರೆ ಕೊಡಿ.

ಊಟ ಬದಲಾಯಿಸುವಾಗ ಒಂದು ವಾರ, ಹತ್ತು ದಿನ ತೆಗೆದುಕೊಳ್ಳಿ. ಹಳೆಯದಕ್ಕೆ ಹೊಸದನ್ನು ಸ್ವಲ್ಪ ಸ್ವಲ್ಪ ಸೇರಿಸುತ್ತಾ ಹೋಗಿ, ಮಲ ತೀರಾ ತೆಳುವಾದರೆ ಒಂದು ಹೆಜ್ಜೆ ಹಿಂದೆ ಬನ್ನಿ. ತಿಂಗಳಿಗೊಮ್ಮೆ ತೂಕ ನೋಡಿ. ತೋಟದ ಮನೆಗಳಲ್ಲಿ ಕಾಫಿ ತೂಗುವ ತಕ್ಕಡಿ ಇದ್ದೇ ಇರುತ್ತದೆ. ಮೊದಲು ನೀವು ನಿಂತು ನೋಡಿ, ಆಮೇಲೆ ನಾಯಿಯನ್ನು ಎತ್ತಿಕೊಂಡು ನಿಲ್ಲಿ, ಕಳೆದರೆ ಆಯಿತು. ತೋಟದ ಲೆಕ್ಕ ಬರೆಯುವ ರೈಟರ್ ನಗುತ್ತಾನೆ, ನಗಲಿ. ಎತ್ತಲು ಆಗದಷ್ಟು ದಪ್ಪಗಿದ್ದರೆ ಪಕ್ಕೆ ಮೇಲೆ ಕೈಯಾಡಿಸಿ. ಮೂಳೆ ಕೈಗೆ ಸುಲಭವಾಗಿ ಸಿಗಬೇಕು, ಆದರೆ ದೂರದಿಂದ ಎಣಿಸುವ ಹಾಗೆ ಕಾಣಬಾರದು. ಸಿಗಲಿಲ್ಲವಾ, ನಾಳೆಯಿಂದ ಅನ್ನ ಒಂದು ಸೌಟು ಕಡಿಮೆ ಮಾಡಿ.

ನಮಸ್ಕಾರ.