ಎರಡನೇ ಬೇಸ್ ಗಿಟಾರ್

ಕೇಳುಗರಿಗೆ ನಮಸ್ಕಾರ.

ಗಾನಮೇಳದಲ್ಲಿ ಗಾಯಕಿಯ ಹೆಸರು ಫ್ಲೆಕ್ಸಿನಲ್ಲಿರುತ್ತದೆ. ಕೀಬೋರ್ಡಿನವರ ಹೆಸರನ್ನು ನಿರೂಪಕರು ಎರಡೆರಡು ಸಲ ಹೇಳುತ್ತಾರೆ. ದಪ್ಪ ತಂತಿಯ ಗಿಟಾರ್ ಹಿಡಿದು ಡ್ರಮ್ಸಿನ ಪಕ್ಕ ನಿಂತವರು ಯಾರು ಅಂತ ಕೇಳುವವರೇ ಇಲ್ಲ. ಅವರು ಕೈ ನಿಲ್ಲಿಸಿದರೆ ಮಾತ್ರ ಹಾಡು ಯಾಕೋ ಸಪ್ಪೆಯಾಯಿತಲ್ಲ ಅಂತ ಅನಿಸುತ್ತದೆ. ಅದೇ ಬೇಸ್ ಗಿಟಾರ್. ನಮ್ಮ ಕಾಸರಗೋಡಿನ ಮಂಜೇಶ್ವರ, ಉಪ್ಪಳ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆ ಇದನ್ನು ನುಡಿಸುವ ಹುಡುಗ ಹುಡುಗಿಯರು ಈಗ ಇದ್ದಾರೆ. ಇಗರ್ಜಿಯ ಕೊಯರ್, ಮದುವೆ ಹಾಲ್, ಕ್ಲಬ್ಬಿನ ವಾರ್ಷಿಕೋತ್ಸವ, ಜಾತ್ರೆಯ ಸ್ಟೇಜು, ಎಲ್ಲ ಕಡೆಯೂ ನುಡಿಸುತ್ತಾರೆ. ಒಂದು ಗಿಟಾರ್ ಹೇಗೋ ಹೊಂದಿಸಿಕೊಂಡು ಕಲಿತಿರುತ್ತಾರೆ. ಸ್ವಲ್ಪ ಕೈ ಪಳಗಿದ ಮೇಲೆ ನನ್ನ ಹತ್ತಿರ ಕೇಳುವುದು ಒಂದೇ: "ಅಣ್ಣಾ, ನನ್ನದು ಹಳೇ ಕಾಲದ ಸೌಂಡು. ಈಗಿನ ಹಾಡಿಗೆ ಸರಿಹೋಗುವ ಇನ್ನೊಂದು ಬೇಕು. ಯಾವುದು ತೆಗೊಳ್ಳಲಿ?"

ಒಂದು ಇದೆಯಲ್ಲ, ಇನ್ನೊಂದು ಯಾಕೆ ಅಂತ ಮನೆಯಲ್ಲಿ ಕೇಳುತ್ತಾರೆ. ಚೆಂಡೆ ಇದ್ದ ಮೇಲೆ ಮದ್ದಳೆ ಯಾಕೆ ಅಂತ ನಾವು ಯಾರೂ ಕೇಳುವುದಿಲ್ಲ, ಅಲ್ವಾ? ಇದೂ ಹಾಗೆಯೇ. ಆದರೆ ಎರಡರ ಕೆಲಸ ಬೇರೆ ಬೇರೆ ಆಗಿರಬೇಕು. ಬಣ್ಣ ಬೇರೆ, ಕಂಪನಿ ಬೇರೆ, ಒಳಗಿನ ಸರಕು ಅದೇ ಅಂತಾದರೆ ಮನೆಯವರು ಹೇಳುವುದೇ ಸರಿ. ದುಡ್ಡು ದಂಡ.

ಹಾಗಾಗಿ ಮೊದಲು ಈಗ ಇರುವುದು ಯಾವುದು ಅಂತ ನೋಡಬೇಕು. ಹೆಚ್ಚಿನವರ ಕೈಯಲ್ಲಿರುವುದು ಎರಡರಲ್ಲಿ ಒಂದು ಅಚ್ಚಿನದ್ದು. ಅಮೆರಿಕದ ಲಿಯೋ ಫೆಂಡರ್ 1951ರಲ್ಲಿ ಪ್ರಿಸಿಷನ್ ಬೇಸ್ ಅಂತ ಹೊರತಂದರು. 1960ರಲ್ಲಿ ಅವರದ್ದೇ ಕಂಪನಿಯಿಂದ ಜಾಝ್ ಬೇಸ್ ಬಂತು. ಇವತ್ತಿಗೂ ಅಂಗಡಿಯಲ್ಲಿ ಸಿಗುವ ಕಡಿಮೆ ಬೆಲೆಯ ಬೇಸ್‌ಗಳಲ್ಲಿ ಬಹಳಷ್ಟು ಈ ಎರಡರ ನಕಲು. ನಾಲ್ಕು ತಂತಿ, ಎರಡೋ ಮೂರೋ ನಾಬ್, ಬ್ಯಾಟರಿ ಇಲ್ಲ. ಸೌಂಡು ದುಂಡಗೆ, ಮೆತ್ತಗೆ. ಹಳೇ ಸಿನಿಮಾ ಹಾಡಿಗೆ, ಭಕ್ತಿಗೀತೆಗೆ ಇದಕ್ಕಿಂತ ಒಳ್ಳೆಯದು ಬೇಕಾಗಿಲ್ಲ. ಅದಕ್ಕೇ ಹೇಳುತ್ತೇನೆ, ಹೊಸದು ತರುವ ಉತ್ಸಾಹದಲ್ಲಿ ಹಳೆಯದನ್ನು ಮಾರಬೇಡಿ.

ಅದರಿಂದ ಆಗದೇ ಇರುವುದು ಏನು? ಮುಖ್ಯವಾಗಿ, ಕೆಳಗಿನ ಸ್ವರ. ನಾಲ್ಕು ತಂತಿಯ ಬೇಸ್‌ನಲ್ಲಿ ಅತಿ ಕೆಳಗಿನದು ಇ, ಅಂದರೆ ಇಂಗ್ಲಿಷ್ ಅಕ್ಷರದಲ್ಲಿ E ಅಂತ ಕರೆಯುವ ಸ್ವರ. ಸೆಕೆಂಡಿಗೆ ಸುಮಾರು 41 ಕಂಪನ. ಅದಕ್ಕಿಂತ ಕೆಳಗೆ ಹೋಗಲಿಕ್ಕೆ ದಾರಿ ಇಲ್ಲ. ಈಗಿನ ಸಿನಿಮಾ ಹಾಡುಗಳಲ್ಲಿ ಬೇಸ್ ಎಷ್ಟೋ ಸಲ ಸಿಂಥಸೈಜರಿನದ್ದು. ಅದಕ್ಕೆ ತಂತಿಯ ಲೆಕ್ಕ ಇಲ್ಲ, ಡಿಗೆ, ಸಿಗೆ ಆರಾಮವಾಗಿ ಇಳಿಯುತ್ತದೆ. ಇನ್ನೊಂದು ಕಷ್ಟ ರಿಹರ್ಸಲ್ಲಿನದ್ದು. ಇ ಶ್ರುತಿಯ ಹಾಡು ಹಿಡಿದಿರುತ್ತೇವೆ. ಗಾಯಕರು ಗಂಟಲು ಸವರಿಕೊಂಡು, "ಇವತ್ತು ಒಂದು ಇಳಿಸುವ ಆಯ್ತಾ?" ಅನ್ನುತ್ತಾರೆ. ಕೀಬೋರ್ಡಿನವರು ಟ್ರಾನ್ಸ್‌ಪೋಸ್ ಬಟನ್ ಒತ್ತಿ ಸುಮ್ನೆ ಕೂರುತ್ತಾರೆ. ಹಾಡು ಡಿಗೆ ಇಳಿಯಿತು. ಬೇಸ್‌ನವರಿಗೆ ಆ ಕೆಳಗಿನ ಡಿ ಇಲ್ಲವೇ ಇಲ್ಲ. ಒಂದು ಸ್ಥಾಯಿ ಮೇಲಿನ ಡಿ ನುಡಿಸಬೇಕು. ಹಾಡಿನ ಬುಡವೇ ಮೇಲಕ್ಕೆ ಬಂದು ಎಲ್ಲ ತೆಳ್ಳಗಾಗುತ್ತದೆ. ಇ ತಂತಿಯನ್ನೇ ಸಡಿಲಿಸಿ ಡಿ ಮಾಡಿಕೊಳ್ಳಬಹುದು, ಆದರೆ ಗಾನಮೇಳದಲ್ಲಿ ಎರಡು ಹಾಡಿನ ನಡುವೆ ಅಷ್ಟು ಪುರುಸೊತ್ತು ಯಾರು ಕೊಡುತ್ತಾರೆ?

ಐದು ತಂತಿಯ ಬೇಸ್‌ನಲ್ಲಿ ಇ ತಂತಿಗಿಂತ ಕೆಳಗಿನ ಸ್ವರದ ಇನ್ನೊಂದು ದಪ್ಪ ತಂತಿ ಇರುತ್ತದೆ. ಅದು ಬಿ. ಸುಮಾರು 31 ಕಂಪನ. ಗಿಟಾರಿನ ಉದ್ದ ಕತ್ತಿಗೆ ನೆಕ್ಕು ಅನ್ನುತ್ತಾರೆ, ಅದರ ಮೇಲೆ ಅಡ್ಡ ಕೂರಿಸಿದ ಲೋಹದ ಪಟ್ಟಿಗಳಿಗೆ ಫ್ರೆಟ್. ಬಿ ತಂತಿಯ ಒಂದನೇ ಫ್ರೆಟ್‌ನಲ್ಲಿ ಸಿ, ಮೂರನೆಯದರಲ್ಲಿ ಡಿ, ಐದನೆಯದರಲ್ಲಿ ಅದೇ ಇ. ಶ್ರುತಿ ಇಳಿಸಿದರೆ ಕೈ ಇಳಿಸಿದರಾಯಿತು. ನನ್ನನ್ನು ಕೇಳಿದರೆ ಎರಡನೆಯದು ಐದು ತಂತಿಯದ್ದೇ ಇರಲಿ. ಮೊದಮೊದಲು ಹೆಬ್ಬೆರಳು ಎಲ್ಲಿಡಬೇಕು ಅಂತ ಗಲಿಬಿಲಿ ಆಗುತ್ತದೆ, ನುಡಿಸದ ತಂತಿ ಸುಮ್ಮನೆ ಗುನುಗುತ್ತದೆ. ಅದೆಲ್ಲ ಅಭ್ಯಾಸದಲ್ಲಿ ಸರಿಹೋಗುವಂಥದ್ದು.

ಇಲ್ಲಿ ಒಂದು ಸೋಜಿಗ ಇದೆ. 31 ಕಂಪನದ ಸ್ವರ ಸಣ್ಣ ಸ್ಪೀಕರಿನಿಂದ ಹೊರಗೆ ಬರುವುದೇ ಇಲ್ಲ. ಫೋನಿನಲ್ಲಂತೂ ಕೇಳುವುದೇ ಬೇಡ. ಆದರೂ ನಮಗೆ ಆ ಸ್ವರ ಕೇಳಿಸಿದ ಹಾಗೆ ಆಗುತ್ತದೆ. ಯಾಕೆಂದರೆ ತಂತಿ ಮೀಟಿದಾಗ 31 ಒಂದೇ ಹುಟ್ಟುವುದಿಲ್ಲ. 62, 93, 124 ಹೀಗೆ ಮೇಲಿನ ಕಂಪನಗಳೂ ಜೊತೆಯಲ್ಲಿ ಹುಟ್ಟುತ್ತವೆ. ಮೇಲಿನವು ಕಿವಿಗೆ ಬಿದ್ದರೆ ಕೆಳಗಿನದನ್ನು ಮಿದುಳೇ ತುಂಬಿಕೊಳ್ಳುತ್ತದೆ. ಮಾಡರ್ನ್ ಸೌಂಡ್ ಅಂತ ಹುಡುಗರು ಹೇಳುವುದರ ಗುಟ್ಟು ಇದೇ. ತಳ ಗಟ್ಟಿ ಇರಬೇಕು, ಜೊತೆಗೆ ಮೇಲಿನ ಕಂಪನಗಳೂ ಧಾರಾಳವಾಗಿ ಬರಬೇಕು. ತಂತಿಗೆ ಬೆರಳು ತಾಗುವ ಆ ಟಣ್ ಅನ್ನುವ ಅಂಚು ಕೇಳಬೇಕು. ಆಗಲೇ ಜಾತ್ರೆ ಗದ್ದೆಯ ಕೊನೆಯಲ್ಲಿ ನಿಂತು ಚರುಮುರಿ ತಿನ್ನುವವರಿಗೂ ಬೇಸ್ ತಲುಪುವುದು. ಇಲ್ಲದಿದ್ದರೆ ಗುಡುಗುಡು ಅಂತ ಎದೆಗೆ ಬಡಿಯುತ್ತದೆ ಅಷ್ಟೆ, ಯಾವ ಸ್ವರ ಅಂತ ಗೊತ್ತಾಗುವುದಿಲ್ಲ. ಸ್ಟೇಜಿನ ಹಿಂದಿನಿಂದ ಯಾರಾದರೂ ಬಂದು ತುಳುವಿನಲ್ಲಿ "ಬೇಸ್ ಕೇಣುಜಿ" ಅನ್ನುವುದು ಇಂಥ ಹೊತ್ತಿನಲ್ಲೇ. ಕೇಳುತ್ತಾ ಇಲ್ಲ ಅಂತ. ವಾಲ್ಯೂಮ್ ಜಾಸ್ತಿ ಮಾಡಿದರೆ ಗುಡುಗುಡು ಜಾಸ್ತಿ ಆಗುತ್ತದೆ, ಅಷ್ಟೇ ಲಾಭ.

ಆ ಅಂಚು ಎಲ್ಲಿಂದ ಬರುತ್ತದೆ? ಮೊದಲು ತಂತಿಯಿಂದ. ಅಂಗಡಿಗೆ ಹೋಗುವ ಮುಂಚೆ ಇರುವ ಗಿಟಾರಿಗೆ ಹೊಸ ತಂತಿ ಹಾಕಿ ನೋಡಿ ಅಂತ ನಾನು ಹೇಳುವುದು ಅದಕ್ಕೇ. ತಂತಿಯ ಮೇಲೆ ಸುತ್ತಿದ ಸರಿಗೆ ಚಪ್ಪಟೆ ಇದ್ದರೆ ಫ್ಲ್ಯಾಟ್‌ವೌಂಡ್. ಬೆರಳು ನುಣುಪಾಗಿ ಜಾರುತ್ತದೆ, ಸೌಂಡು ಮೆತ್ತಗೆ. ಅಮೆರಿಕದ ಮೋಟೌನ್ ಅನ್ನುವ ರೆಕಾರ್ಡ್ ಕಂಪನಿಯ ಹಾಡುಗಳಿಗೆ ಬೇಸ್ ನುಡಿಸಿದ ಜೇಮ್ಸ್ ಜೇಮರ್ಸನ್ ಇಂಥ ತಂತಿಯನ್ನು ತುಂಡಾಗುವವರೆಗೆ ಬದಲಾಯಿಸುತ್ತಿರಲಿಲ್ಲವಂತೆ. ಅವರಿಗೆ ಬೇಕಾದದ್ದು ಆ ಮಂಕು ಸೌಂಡೇ. ಸರಿಗೆ ದುಂಡಗಿದ್ದರೆ ರೌಂಡ್‌ವೌಂಡ್. ಅದರಲ್ಲಿ ನಿಕ್ಕಲ್‌ಗಿಂತ ಸ್ಟೇನ್‌ಲೆಸ್ ಸ್ಟೀಲ್ ಇನ್ನೂ ಹರಿತ, ಆದರೆ ಫ್ರೆಟ್ಟನ್ನು ಬೇಗ ಸವೆಸುತ್ತದೆ. ನಮ್ಮ ಕರಾವಳಿಯ ಉಪ್ಪುಗಾಳಿ, ಕೈಯ ಬೆವರು ಎರಡೂ ಸೇರಿ ತಂತಿಯ ಸುತ್ತಿನೊಳಗೆ ಕೊಳೆ ಕೂರುತ್ತದೆ. ಸೌಂಡು ಸತ್ತಿತು ಅಂತ ಗಿಟಾರನ್ನು ಬೈಯುತ್ತೇವೆ. ತಪ್ಪು ತಂತಿಯದ್ದು. ನುಡಿಸಿ ಆದ ಮೇಲೆ ಒಣ ಬಟ್ಟೆಯಲ್ಲಿ ಒರೆಸಿಟ್ಟರೆ ಜಾಸ್ತಿ ದಿನ ಬಾಳುತ್ತದೆ. ದುಡ್ಡಿಲ್ಲದ ಬೇಸ್‌ನವರು ಹಳೇ ತಂತಿಯನ್ನು ನೀರಲ್ಲಿ ಕುದಿಸುವುದೂ ಉಂಟು. ಸ್ವಲ್ಪ ದಿನಕ್ಕೆ ಜೀವ ಬರುತ್ತದೆ.

ಹೊಸ ತಂತಿ ಹಾಕಿದ್ದೇ ಕೆಲವರಿಗೆ ಸಾಕಾಗುತ್ತದೆ. ಸಾಕಾಗದಿದ್ದರೆ ಮುಂದಿನದ್ದು ಪಿಕಪ್. ತಂತಿಯ ಕಂಪನವನ್ನು ಕರೆಂಟಿನ ಸಿಗ್ನಲ್ ಮಾಡುವುದು ಅದೇ. ಅಯಸ್ಕಾಂತಕ್ಕೆ ಸಪೂರ ತಾಮ್ರದ ತಂತಿ ಸುತ್ತಿದ್ದು. ಜಾಝ್ ಬೇಸ್‌ನ ಪಿಕಪ್ಪುಗಳಲ್ಲಿ ಒಂದೊಂದೇ ಸುರುಳಿ. ಒಂದನ್ನೇ ಪೂರ್ತಿ ತೆರೆದರೆ ನಮ್ಮ 50 ಹರ್ಟ್ಸ್ ಕರೆಂಟಿನ ಗುಂಯ್ ಅನ್ನುವ ಸದ್ದನ್ನೂ ಎಳೆದುಕೊಳ್ಳುತ್ತದೆ. ಜನರೇಟರ್, ಸೀರಿಯಲ್ ಲೈಟು, ಸ್ಟೇಜಿನ ಡಿಮ್ಮರ್ ಎಲ್ಲ ಒಟ್ಟಿಗೆ ಇರುವಲ್ಲಿ ಇದು ದೊಡ್ಡ ತಲೆನೋವು. ಹಂಬಕರ್ ಅನ್ನುವ ಪಿಕಪ್‌ನಲ್ಲಿ ಎರಡು ಸುರುಳಿ. ಎರಡೂ ವಿರುದ್ಧವಾಗಿ ಜೋಡಿಸಿದ್ದು. ಗುಂಯ್ ಸದ್ದು ಒಂದಕ್ಕೊಂದು ವಜಾ ಆಗುತ್ತದೆ, ತಂತಿಯ ಸದ್ದು ಕೂಡುತ್ತದೆ. ಪಿಕಪ್ ಬ್ರಿಜ್ಜಿನ, ಅಂದರೆ ಗಿಟಾರಿನ ಮೈಯ ಮೇಲೆ ತಂತಿ ಕೂರುವ ಜಾಗದ, ಹತ್ತಿರ ಇದ್ದಷ್ಟೂ ಸೌಂಡು ಬಿಗಿ, ನೆಕ್ಕಿನ ಹತ್ತಿರ ಹೋದಷ್ಟೂ ದುಂಡಗೆ. ಹೊಸ ಬಗೆಯ ಬೇಸ್‌ಗಳಲ್ಲಿ ಸಾಮಾನ್ಯವಾಗಿ ಎರಡು ಹಂಬಕರ್ ಇರುತ್ತವೆ, ಎರಡನ್ನೂ ಬೇಕಾದ ಹಾಗೆ ಬೆರೆಸಬಹುದು.

1976ರಲ್ಲಿ ಮ್ಯೂಸಿಕ್ ಮ್ಯಾನ್ ಕಂಪನಿಯ ಸ್ಟಿಂಗ್‌ರೇ ಬಂತು. ಬ್ರಿಜ್ಜಿನ ಕಡೆಗೆ ಒಂದು ದೊಡ್ಡ ಹಂಬಕರ್, ಒಳಗೆ ಬ್ಯಾಟರಿಯಿಂದ ನಡೆಯುವ ಪ್ರಿಆಂಪ್, ಅಂದರೆ ಸಿಗ್ನಲನ್ನು ತಿದ್ದಿ ಬಲಪಡಿಸುವ ಸಣ್ಣ ಸರ್ಕ್ಯೂಟ್. ಇದರ ಹಿಂದೆ ಇದ್ದವರೂ ಅದೇ ಲಿಯೋ ಫೆಂಡರ್, ತಮ್ಮ ಹಳೇ ಕಂಪನಿಯನ್ನು ಮಾರಿದ ಮೇಲೆ. ಹಳೇ ಸೌಂಡು, ಹೊಸ ಸೌಂಡು ಅಂತ ನಾವು ಜಗಳ ಮಾಡುತ್ತೇವೆ. ಎರಡಕ್ಕೂ ಅಪ್ಪ ಒಬ್ಬರೇ! 1987ರಲ್ಲಿ ಐಬನೇಜ್‌ನ ಎಸ್‌ಆರ್ ಸಾಲು ಶುರುವಾಯಿತು. ತೆಳ್ಳಗಿನ ನೆಕ್ಕು, ಹಗುರ ಮೈ. ಯಮಾಹಾ, ಕೋರ್ಟ್, ಸೈರ್ ಕಂಪನಿಗಳಲ್ಲೂ ಈ ಬಗೆಯವು ಇವೆ. ನಾನು ಕಂಪನಿಯ ಹೆಸರು ನೋಡಿ ತೆಗೊಳ್ಳಿ ಅನ್ನುವುದಿಲ್ಲ.

ಪ್ರಿಆಂಪ್ ಅಂದರೆ ಏನು ಅಂತ ಸ್ವಲ್ಪ ಹೇಳಬೇಕು, ಯಾಕೆಂದರೆ ಅಂಗಡಿಯಲ್ಲಿ ಮರುಳು ಮಾಡುವುದು ಅದೇ. ಬ್ಯಾಟರಿ ಇಲ್ಲದ ಗಿಟಾರಿನ ಟೋನ್ ನಾಬ್ ಮೇಲಿನ ಸೌಂಡನ್ನು ಕಡಿಮೆ ಮಾಡಬಲ್ಲದು ಅಷ್ಟೆ, ಹೆಚ್ಚು ಮಾಡಲಿಕ್ಕೆ ಬರುವುದಿಲ್ಲ. ವೈರ್ ಉದ್ದವಾದರೆ ಇನ್ನೂ ಸ್ವಲ್ಪ ಹರಿತ ಹೋಗುತ್ತದೆ. 9 ವೋಲ್ಟಿನ ಬ್ಯಾಟರಿ ಹಾಕಿದ ಪ್ರಿಆಂಪ್ ಇದ್ದರೆ ಬೇಸ್, ಮಿಡ್, ಟ್ರೆಬಲ್, ಅಂದರೆ ಕೆಳಗಿನ, ನಡುವಿನ, ಮೇಲಿನ ಸದ್ದನ್ನು ಬೇರೆ ಬೇರೆಯಾಗಿ ಏರಿಸಬಹುದು, ಇಳಿಸಬಹುದು. ಉದ್ದ ವೈರಿನ ಕಾಟವೂ ಇಲ್ಲ. ಅಂಗಡಿಯಲ್ಲಿ ಒಬ್ಬರೇ ಕೂತು ನುಡಿಸುವಾಗ ಎಲ್ಲರೂ ಬೇಸ್, ಟ್ರೆಬಲ್ ಎರಡನ್ನೂ ಏರಿಸಿ ಮಿಡ್ ಇಳಿಸುತ್ತಾರೆ. ಆಹಾ, ಎಷ್ಟು ಚೆಂದ! ಅದನ್ನೇ ಸ್ಟೇಜಿಗೆ ತಂದರೆ ಕೆಳಗಿನದ್ದನ್ನು ಕಿಕ್ ಡ್ರಮ್ ನುಂಗುತ್ತದೆ, ಮೇಲಿನದ್ದನ್ನು ಸಿಂಬಲ್ ನುಂಗುತ್ತದೆ. ಬೇಸ್ ಮಾಯ. ಬೇಸ್‌ನವರು ಉಳಿಯುವುದು ಮಿಡ್‌ನಲ್ಲಿ. ಹಾಗಾಗಿ ಮಿಡ್‌ಗೆ ಬೇರೆ ನಾಬ್ ಇಲ್ಲದ ಪ್ರಿಆಂಪ್ ನನಗೆ ಹಿಡಿಸುವುದಿಲ್ಲ. ಬ್ಯಾಟರಿಯ ಪ್ರಿಆಂಪ್ ಬಳಸಿದರೆ ಆಕ್ಟಿವ್, ಬಿಟ್ಟರೆ ಪ್ಯಾಸಿವ್. ಎರಡರ ನಡುವೆ ಬದಲಿಸಲು ಒಂದು ಸ್ವಿಚ್ ಇದ್ದರೆ ಇನ್ನೂ ಒಳ್ಳೆಯದು. ಕಾರ್ಯಕ್ರಮದ ಮಧ್ಯೆ ಬ್ಯಾಟರಿ ಸತ್ತರೆ ಸೌಂಡು ಮೊದಲು ಒಡೆದು ಕರಕರ ಅನ್ನುತ್ತದೆ, ಆಮೇಲೆ ನಿಂತೇ ಹೋಗುತ್ತದೆ. ಸ್ವಿಚ್ ಇದ್ದರೆ ಪ್ಯಾಸಿವ್‌ಗೆ ಹಾಕಿ ಹಾಡು ಮುಗಿಸಬಹುದು. ಇನ್ನೊಂದು, ಇಂಥ ಗಿಟಾರಿನಲ್ಲಿ ಸಾಮಾನ್ಯವಾಗಿ ಬೇರೆ ಆನ್ ಆಫ್ ಇರುವುದಿಲ್ಲ. ವೈರಿನ ಪಿನ್ನು ಚುಚ್ಚಿದರೆ ಆನ್, ಎಳೆದರೆ ಆಫ್. ರಾತ್ರಿಯಿಡೀ ಪಿನ್ನು ಚುಚ್ಚಿ ಬಿಟ್ಟರೆ ಬ್ಯಾಟರಿ ಸುಮ್ನೆ ಖಾಲಿಯಾಗುತ್ತಾ ಇರುತ್ತದೆ.

ಈಗ ಅಂಗಡಿ. ನಮ್ಮವರು ರೈಲು ಹತ್ತಿ ಮಂಗಳೂರಿಗೇ ಹೋಗುವುದು. ಹಳೇ ಬೇಸನ್ನೂ ಹೊತ್ತುಕೊಂಡು ಹೋಗಿ. ನಾಚಿಕೆ ಬೇಡ. ಆಂಪಿನ ನಾಬ್‌ಗಳನ್ನೆಲ್ಲ ಮಧ್ಯಕ್ಕೆ ಇಟ್ಟು ಒಂದೇ ಸಾಲನ್ನು ಎರಡರಲ್ಲೂ ನುಡಿಸಿ. ಐದು ತಂತಿಯದ್ದರಲ್ಲಿ ಬಿ ತಂತಿಯದ್ದೇ ದೊಡ್ಡ ಪರೀಕ್ಷೆ. ತೆರೆದ ಇ ತಂತಿ ಮೀಟಿ, ಆಮೇಲೆ ಬಿ ತಂತಿಯ ಐದನೇ ಫ್ರೆಟ್ ಒತ್ತಿ ಮೀಟಿ. ಎರಡೂ ಒಂದೇ ಸ್ವರ. ಎರಡನೆಯದು ಮಂಕಾಗಿದ್ದರೆ, ತಂತಿ ಜಾಸ್ತಿ ಅಲ್ಲಾಡಿ ಫ್ರೆಟ್ಟಿಗೆ ಬಡಿಯುತ್ತಿದ್ದರೆ, ಅದನ್ನು ಅಲ್ಲೇ ಬಿಡಿ. ಸಾಮಾನ್ಯ ಬೇಸ್‌ನಲ್ಲಿ ತಂತಿಯ ನುಡಿಯುವ ಉದ್ದ 34 ಇಂಚು. ಕೆಲವು ಐದು ತಂತಿಯವುಗಳಲ್ಲಿ 35 ಇರುತ್ತದೆ, ಬಿ ಇನ್ನಷ್ಟು ಬಿಗಿಯಾಗಲಿ ಅಂತ. ಕೈ ಸಣ್ಣದಿದ್ದವರಿಗೆ ಆ ಒಂದಿಂಚೇ ಭಾರ. 34ರಲ್ಲೂ ಗಟ್ಟಿ ಬಿ ಇರುವವು ಸಿಗುತ್ತವೆ.

ಕೂತು ನೋಡಿದರೆ ಸಾಲದು. ಬೆಲ್ಟ್ ಹಾಕಿ ನಿಲ್ಲಿ, ಎಡಗೈ ಬಿಡಿ. ಗಿಟಾರಿನ ತಲೆ ಕೆಳಗೆ ಬಗ್ಗಿದರೆ ಮೂರು ಗಂಟೆಯ ಕಾರ್ಯಕ್ರಮದಲ್ಲಿ ಎಡಗೈ ಅದನ್ನು ಎತ್ತಿ ಹಿಡಿಯುವುದರಲ್ಲೇ ಸೋಲುತ್ತದೆ. ನುಡಿಸುತ್ತಾ ಒಮ್ಮೆ ಸುತ್ತ ತಿರುಗಿ, ಯಾವ ದಿಕ್ಕಿನಲ್ಲಿ ಗುಂಯ್ ಅನ್ನುತ್ತದೆ ಅಂತ ಕೇಳಿ. ಸೆಕೆಂಡ್ ಹ್ಯಾಂಡ್ ಆದರೆ ಹಿಂದಿನ ಬ್ಯಾಟರಿ ಡಬ್ಬಿ ತೆಗೆದು ಹಸಿರು ಕಿಲುಬು ಇದೆಯಾ ನೋಡಿ. ನೆಕ್ಕಿನೊಳಗಿನ ಕಬ್ಬಿಣದ ರಾಡ್ ಎರಡೂ ಕಡೆ ತಿರುಗುತ್ತದಾ ಅಂತ ಅವರ ಕೈಯಲ್ಲೇ ತಿರುಗಿಸಿ ತೋರಿಸಲು ಹೇಳಿ.

ನೆಕ್ಕಿನ ಬಾಗು ಸರಿಪಡಿಸುವ ಆ ರಾಡ್ ನಮ್ಮೂರಿಗೆ ತುಂಬ ಮುಖ್ಯ. ಮಳೆಗಾಲಕ್ಕೆ ಮುಂಚಿನ ಪತ್ತನಾಜೆಯ ದಿನ ಕಳೆದರೆ ಜಾತ್ರೆ, ಕೋಲಗಳಿಗೆ ಬಿಡುವು. ಗಿಟಾರಿಗೂ ಬಿಡುವು. ಮಳೆಗಾಲ ಪೂರ್ತಿ ಅದು ಚೀಲದೊಳಗೆ ಇರುತ್ತದೆ. ಮರ ತೇವ ಕುಡಿಯುತ್ತದೆ, ನೆಕ್ಕು ಬಾಗುತ್ತದೆ. ಮತ್ತೆ ತೆಗೆದಾಗ ತಂತಿ ಒಂದೋ ಫ್ರೆಟ್ಟಿಗೆ ತಾಗುತ್ತದೆ, ಇಲ್ಲ ಮೇಲೆ ಎದ್ದಿರುತ್ತದೆ. ತಂತಿಯನ್ನು ಒಂದನೇ ಫ್ರೆಟ್‌ನಲ್ಲೂ ಕೊನೆಯದರಲ್ಲೂ ಒತ್ತಿ ಹಿಡಿದು ಏಳನೆಯದರ ಹತ್ತಿರ ನೋಡಿ. ಕಾಗದ ನುಗ್ಗುವಷ್ಟು ಸಂದು ಇದ್ದರೆ ಸಾಕು. ಇಲ್ಲದಿದ್ದರೆ ರಾಡನ್ನು ಕಾಲು ಸುತ್ತು ಮಾತ್ರ ತಿರುಗಿಸಿ, ಒಂದು ದಿನ ಬಿಟ್ಟು ನೋಡಿ. ಐದು ತಂತಿಯ ಎಳೆತ ಜಾಸ್ತಿ. ಹಾಗಾಗಿ ಮೂರೋ ಐದೋ ಪಟ್ಟಿ ಮರ ಅಂಟಿಸಿದ ನೆಕ್ಕು, ಇಲ್ಲವೇ ಹದವಾಗಿ ಹುರಿದ ಮೇಪಲ್ ಮರದ್ದು ಸಿಕ್ಕಿದರೆ ಅದಕ್ಕೆ ನನ್ನ ಓಟು.

ಕೊನೆಗೆ ಮೈಕ್‌ಸೆಟ್‌ನವರ ವಿಷಯ. ಆಕ್ಟಿವ್ ಬೇಸ್‌ನಿಂದ ಬರುವ ಸಿಗ್ನಲ್ ಸಾಮಾನ್ಯವಾಗಿ ಜೋರು. ಹಳೇ ಬೇಸ್‌ಗೆ ಇಟ್ಟ ಗೇನ್‌ನಲ್ಲೇ ಚುಚ್ಚಿದರೆ ಸೌಂಡು ಒಡೆಯುತ್ತದೆ, ಗಿಟಾರೇ ಹಾಳು ಅಂತ ಅವರು ಹೇಳುತ್ತಾರೆ. ಆಂಪಿನಲ್ಲಿ ಆಕ್ಟಿವ್ ಅಂತ ಬೇರೆ ಇನ್‌ಪುಟ್ ಇದ್ದರೆ ಅಲ್ಲಿಗೆ ಹಾಕಿ. ಎರಡೂ ಬೇಸ್ ತಂದಿದ್ದರೆ ಎರಡನ್ನೂ ಮೊದಲೇ ಕೇಳಿಸಿ, ಎರಡು ಬೇರೆ ಚಾನೆಲ್ ಕೇಳಿ ತೆಗೊಳ್ಳಿ. ಗಾಯಕಿಯ ಮೈಕ್ ಸರಿಮಾಡುವ ಗಡಿಬಿಡಿಯಲ್ಲಿ ಅವರು ಆಮೇಲೆ ನಿಮ್ಮ ಕಡೆ ತಿರುಗಿಯೂ ನೋಡುವುದಿಲ್ಲ.

ನಮಸ್ಕಾರ.