ಪ್ರಶ್ನೆಗಳು ಎಲ್ಲಿಂದ ಬರುತ್ತವೆ?

ಕೇಳುಗರೆಲ್ಲರಿಗೂ ನಮಸ್ಕಾರ.

ಬೆಂಗಳೂರಿನ ಪೀಣ್ಯದಲ್ಲಿ, ಯಂತ್ರದ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯಲ್ಲಿ ನಾನು ಬಹಳ ವರ್ಷ ಇದ್ದೆ. ಕೊನೆಕೊನೆಗೆ ಐಟಿಐ, ಡಿಪ್ಲೊಮಾ ಮುಗಿಸಿ ಕೆಲಸ ಕೇಳಿಕೊಂಡು ಬರುವವರ ಸಂದರ್ಶನಕ್ಕೂ ನನ್ನನ್ನು ಕೂರಿಸುತ್ತಿದ್ದರು. ಆ ಕುರ್ಚಿಯಲ್ಲಿ ಕೂತು ಕಂಡದ್ದನ್ನು ಇವತ್ತು ಹೇಳುತ್ತೇನೆ.

ಮೊದಲು ಒಂದು ಗುಟ್ಟು. ನಮ್ಮ ಹತ್ತಿರ ಪ್ರಶ್ನೆಗಳ ಪಟ್ಟಿ ಏನೂ ಇರುತ್ತಿರಲಿಲ್ಲ. ನೀವು ಕೊಟ್ಟ ಬಯೋಡೇಟಾ, ಕೈಯಲ್ಲಿ ಒಂದು ಪೆನ್ನು, ಅಷ್ಟೇ. ನೀವು ಹೊರಗೆ ಬೆಂಚಿನ ಮೇಲೆ ಕಾಯುತ್ತಿರುವಾಗ ನಾವು ಅದರಲ್ಲಿ ಎರಡು ಮೂರು ಸಾಲುಗಳ ಕೆಳಗೆ ಗೆರೆ ಎಳೆಯುತ್ತಿದ್ದೆವು. ಪ್ರಶ್ನೆ ಹುಟ್ಟುತ್ತಿದ್ದದ್ದು ಅಲ್ಲಿ.

ಒಬ್ಬ ಹುಡುಗ ನೆನಪಾಗುತ್ತಾನೆ. ಮೆಕ್ಯಾನಿಕಲ್ ಡಿಪ್ಲೊಮಾ, ಒಳ್ಳೆಯ ಅಂಕ. ಅಳತೆ ಉಪಕರಣಗಳೆಲ್ಲ ಚೆನ್ನಾಗಿ ಗೊತ್ತು ಎಂದು ಬರೆದಿದ್ದ. ಮೇಜಿನ ಮೇಲೆ ವರ್ನಿಯರ್ ಕ್ಯಾಲಿಪರ್ ಇತ್ತು, ದಪ್ಪ, ಅಗಲ ಅಳೆಯುವ ಎರಡು ಸ್ಕೇಲಿನ ಉಪಕರಣ. ಅದರಿಂದ ಅಳೆಯಬಹುದಾದ ಅತಿ ಚಿಕ್ಕ ಅಳತೆಗೆ ಲೀಸ್ಟ್ ಕೌಂಟ್ ಅನ್ನುತ್ತಾರೆ. "ಇದರ ಲೀಸ್ಟ್ ಕೌಂಟ್ ಎಷ್ಟಪ್ಪಾ?" ಅಂದೆ. "0.02 ಮಿಲಿಮೀಟರ್ ಸಾರ್" ಅಂದ, ಒಂದೇ ಉಸಿರಿಗೆ. ಸರಿಯಾಗಿತ್ತು. "ಅದು ಹೇಗೆ ಬಂತು?" ಅಂದೆ. ಸುಮ್ಮನಾದ. ಆ ಕ್ಯಾಲಿಪರ್‌ನಲ್ಲಿ ವರ್ನಿಯರ್ ಸ್ಕೇಲಿನ 50 ಭಾಗ ಸೇರಿ ಮುಖ್ಯ ಸ್ಕೇಲಿನ 49 ಮಿಲಿಮೀಟರ್ ಆಗುತ್ತದೆ. ಹಾಗಾಗಿ ಅದರ ಒಂದೊಂದು ಭಾಗವೂ ಒಂದು ಮಿಲಿಮೀಟರಿಗಿಂತ 0.02ರಷ್ಟು ಚಿಕ್ಕದು. ವರ್ಕ್‌ಶಾಪಿನಲ್ಲಿ ನಾಲ್ಕು ಸಲ ಕೈಯಲ್ಲಿ ಹಿಡಿದು ನೋಡಿದ್ದರೆ ಹೇಳಿಬಿಡುತ್ತಿದ್ದ. ಪಾಪ, ಗೈಡ್ ಓದಿಕೊಂಡು ಬಂದಿದ್ದ.

ಅದಕ್ಕೇ ಹೇಳುವುದು, ಹೋಗುವ ಮುಂಚೆ ನಿಮ್ಮ ಬಯೋಡೇಟಾವನ್ನು ಅಕ್ಕನಿಗೋ ಗೆಳೆಯನಿಗೋ ಕೊಡಿ. ಒಂದೊಂದು ಸಾಲಿಗೂ ಅಂದ್ರೆ ಏನು, ಹೇಗೆ, ಯಾಕೆ ಎಂದು ಪೀಡಿಸಲಿ. ಉತ್ತರ ಸಿಗದ ಕಡೆ ಓದಿಕೊಳ್ಳಿ, ಇಲ್ಲವೇ ಆ ಸಾಲನ್ನೇ ಹೊಡೆದುಹಾಕಿ. ಹವ್ಯಾಸ ಪುಸ್ತಕ ಓದುವುದು ಎಂದು ಬರೆದು, ಕೊನೆಗೆ ಓದಿದ ಪುಸ್ತಕ ಯಾವುದು ಎಂದರೆ ಫ್ಯಾನ್ ನೋಡುತ್ತಾ ಕೂತವರು ಎಷ್ಟು ಜನವೋ!

ದೊಡ್ಡ ಕಡೆಯೂ ಹೀಗೇ. ಯುಪಿಎಸ್‌ಸಿಯ ಸಿವಿಲ್ ಸರ್ವಿಸಸ್ ಸಂದರ್ಶನಕ್ಕೆ 275 ಅಂಕ. ಅಲ್ಲೂ ಮಂಡಳಿಯವರ ಮುಂದೆ ಅಭ್ಯರ್ಥಿ ತಾನೇ ತುಂಬಿದ ಅರ್ಜಿ ಇರುತ್ತದೆ. ಅವನ ಊರು, ಓದು, ಹವ್ಯಾಸ ಎಲ್ಲ ಅದರಲ್ಲಿರುತ್ತದೆ. ಅಂದ ಹಾಗೆ, ಅಲ್ಲಿ ಕನ್ನಡದಲ್ಲೇ ಉತ್ತರ ಕೊಡುವ ಅವಕಾಶವೂ ಇದೆ.

ಇನ್ನು ನಮ್ಮವರದ್ದೇ ಒಂದು ತೊಡಕು. ಪ್ರಾಜೆಕ್ಟ್ ಬಗ್ಗೆ ಕೇಳಿದರೆ "ನಾವು ಮಾಡಿದ್ವಿ, ನಾವು ಬಿಚ್ಚಿದ್ವಿ, ನಾವು ಜೋಡಿಸಿದ್ವಿ" ಅನ್ನುತ್ತಾರೆ. ನಾನು ಅಂದರೆ ಜಂಬ ಅಂತ ಮನೆಯಲ್ಲಿ ಹೇಳಿಕೊಟ್ಟಿರುತ್ತಾರಲ್ವಾ? ಒಳ್ಳೆಯ ಗುಣವೇ. ಆದರೆ ಐದು ಜನರ ತಂಡದಲ್ಲಿ ನಿಮ್ಮ ಕೈಯಿಂದ ಏನಾಯಿತು ಎಂದು ನಮಗೆ ತಿಳಿಯುವುದು ಹೇಗೆ? "ವೆಲ್ಡಿಂಗ್ ಗೆಳೆಯ ಮಾಡಿದ, ಚಿತ್ರ ಬರೆದದ್ದು ನಾನು" ಅನ್ನಿ. ಅದರಲ್ಲಿ ಜಂಬ ಏನೂ ಇಲ್ಲ.

ಇಂಗ್ಲಿಷಿನ ಭಯ ಜಾಸ್ತಿ ಜನಕ್ಕೆ. ಕೆಲವು ಕೆಲಸಕ್ಕೆ ಇಂಗ್ಲಿಷ್ ಬೇಕೇ ಬೇಕು, ಇಲ್ಲ ಅನ್ನುವುದಿಲ್ಲ. ಆದರೆ ಮಗ್ಗಿ ಒಪ್ಪಿಸಿದ ಹಾಗೆ ಬಾಯಿಪಾಠ ಮಾಡಿದ ಪರಿಚಯ ಮೂರನೇ ವಾಕ್ಯಕ್ಕೆ ಸಿಕ್ಕಿಬೀಳುತ್ತದೆ. ಗೊತ್ತಿರುವಷ್ಟು ಇಂಗ್ಲಿಷಿನಲ್ಲಿ ಹೇಳಿ, ಸಿಕ್ಕಿಕೊಂಡರೆ "ಕನ್ನಡದಲ್ಲಿ ಹೇಳಲಾ ಸಾರ್?" ಎಂದು ಕೇಳಿ. ನಮ್ಮಲ್ಲಿ ಯಾರೂ ಬೇಡ ಅಂದದ್ದಿಲ್ಲ.

ಸಂಬಳದ ಮಾತು ಬಂದಾಗ ಕೈಗೆ ಎಷ್ಟು ಬರುತ್ತೆ ಎಂದು ಕೇಳಿ, ನಾಚಿಕೆ ಬೇಡ. ಸಾಮಾನ್ಯವಾಗಿ ಮೂಲ ವೇತನದ ಶೇಕಡಾ 12ರಷ್ಟು ಪಿಎಫ್‌ಗೆ ಹೋಗುತ್ತದೆ. ಸಿಟಿಸಿ, ಅಂದರೆ ನಿಮ್ಮ ಮೇಲೆ ಕಂಪನಿಗೆ ಆಗುವ ಒಟ್ಟು ಖರ್ಚು, ಎಂದು ಹೇಳುವ ದೊಡ್ಡ ಅಂಕಿಯಲ್ಲಿ ಪಿಎಫ್‌ಗೆ ಕಂಪನಿ ಕಟ್ಟುವ ಪಾಲೂ ಸೇರಿರುತ್ತದೆ. ಇದು ಗೊತ್ತಿಲ್ಲದೆ ಮೊದಲ ತಿಂಗಳು ಮುಖ ಸಣ್ಣಗೆ ಮಾಡಿಕೊಂಡವರನ್ನು ನೋಡಿದ್ದೇನೆ.

ಒಮ್ಮೆ ಒಬ್ಬ ಹುಡುಗಿ ಬಂದಿದ್ದಳು. ರಾತ್ರಿ ಬಸ್ಸಿನಲ್ಲಿ ಮೆಜೆಸ್ಟಿಕ್‌ಗೆ ಬಂದು, ಅಲ್ಲೇ ಮುಖ ತೊಳೆದುಕೊಂಡು ನೇರ ಪೀಣ್ಯಕ್ಕೆ. ಓದು ಮುಗಿದ ಮೇಲೆ ಎರಡು ವರ್ಷ ಖಾಲಿ. "ಏನಮ್ಮಾ ಮಾಡ್ತಿದ್ದೆ?" ಅಂದೆ. ತಲೆ ತಗ್ಗಿಸಿದಳು. "ಅಪ್ಪನಿಗೆ ಲಕ್ವ ಹೊಡೀತು ಸಾರ್. ಹಿಟ್ಟಿನ ಗಿರಣಿ ನಾನೇ ನೋಡಿಕೊಂಡೆ."

ಅಲ್ಲಿಂದ ನಮ್ಮ ಮಾತು ಬೇರೆಯೇ ದಾರಿ ಹಿಡಿಯಿತು. ಬೆಲ್ಟ್ ಸಡಿಲವಾದರೆ ಹೇಗೆ ಗೊತ್ತಾಗುತ್ತೆ ಎಂದು ಕೇಳಿದೆ. "ಮೊದಲು ಕೀಚು ಸದ್ದು ಸಾರ್, ಆಮೇಲೆ ಸುಟ್ಟ ರಬ್ಬರಿನ ವಾಸನೆ. ವಾಸನೆ ಬರೋವರೆಗೂ ಬಿಟ್ಟರೆ ಹೊಸ ಬೆಲ್ಟಿಗೆ ದುಡ್ಡು ಹಾಕಬೇಕು." ಈಗ ತಲೆ ಎತ್ತಿ ಮಾತಾಡುತ್ತಿದ್ದಳು.

ಮೆಂಟೆನೆನ್ಸ್ ವಿಭಾಗಕ್ಕೆ ತೆಗೆದುಕೊಂಡೆವು. ಅವಳ ಬಯೋಡೇಟಾದಲ್ಲಿ ಗಿರಣಿಯ ಸುದ್ದಿಯೇ ಇರಲಿಲ್ಲ. ಹೊರಡುವ ಮುಂಚೆ ನನ್ನ ಪೆನ್ನು ಕೊಟ್ಟು ಅವಳ ಕೈಯಲ್ಲೇ ಬರೆಸಿದೆ.

ನಮಸ್ಕಾರ.